ಏಳು ಮನೆತನಗಳ ಮೂಲ ಕೇಳಿದ ಅಧಿಕಾರಿಗಳಿಗೆ

ವಿಟ್‌ಕ್ಲೂಫ್, ಕೇಪ್ ಪ್ರಾಂತ್ಯ
ಮಾರ್ಚ್ 1957

ನಮ್ಮ ಜಿಲ್ಲೆಯಲ್ಲಿ ಯಾರು ಬಿಳಿಯರು, ಯಾರು ಅಲ್ಲ ಎಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನನಗೆ ನಿಮ್ಮನ್ನು ಕಂಡರೆ ಭಯ. ಪತ್ರಿಕೆಯಲ್ಲಿ ಅಚ್ಚಾದ ಅಕ್ಷರಗಳಲ್ಲಿ ಬರೆದವರ ಕೈನಡುಕ ಕಾಣುವುದಿಲ್ಲವಾದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ನೀವು ನನ್ನಿಂದ ನಾಲ್ಕು ವಂಶಾವಳಿ ಪುಸ್ತಕಗಳನ್ನು ಎರವಲು ಪಡೆದಿರಿ. ಅವುಗಳಿಂದ ಒಂದು ಮನೆಯನ್ನು ಒಡೆದಿರಿ. ಈಗ ಇನ್ನೂ ಏಳು ಮನೆಗಳನ್ನು ಒಡೆಯಲು ನನ್ನ ನೆರವು ಕೇಳಿದ್ದೀರಿ. ನೆರವು ಕೊಡದಿದ್ದರೆ ನನಗೇನಾಗಬಹುದು ಎಂಬುದನ್ನೂ ಬಹಳ ಸೌಜನ್ಯದಿಂದ ಸೂಚಿಸಿದ್ದೀರಿ. ನಿಮ್ಮ ಆ ಸೌಜನ್ಯಕ್ಕೆ ಉತ್ತರ ಈ ಪತ್ರ.

ನಾನು ಮೂವತ್ತೊಂದು ವರ್ಷ ಈ ಊರಿನ ಶಾಲೆಯಲ್ಲಿ ಚರಿತ್ರೆ ಕಲಿಸಿದವಳು. ಮದುವೆಯಾಗಲಿಲ್ಲ. ರಜೆ ಬಂದಾಗಲೆಲ್ಲ ರೈಲು ಹತ್ತಿ ಕೇಪ್‌ಟೌನಿನ ದಾಖಲೆ ಭಂಡಾರಕ್ಕೆ ಹೋಗಿ, ಹಳೆಯ ಡಚ್ ಅಕ್ಷರದ ದೀಕ್ಷಾಸ್ನಾನದ ಕಡತಗಳನ್ನು ನಕಲು ಮಾಡಿಕೊಳ್ಳುವುದೇ ನನ್ನ ಹವ್ಯಾಸ. ಐದು ವರ್ಷದ ಹಿಂದೆ, ನಮ್ಮ ಹಿರಿಯರ ಹಡಗುಗಳು ಈ ದಡ ಮುಟ್ಟಿ ಮುನ್ನೂರು ವರ್ಷವಾಯಿತೆಂದು ದೇಶವೆಲ್ಲ ಹಬ್ಬ ಮಾಡಿತಲ್ಲ, ಆಗ ಊರಿನವರಿಗೆಲ್ಲ ತಮ್ಮ ಮೂಲಪುರುಷ ಯಾರೆಂದು ತಿಳಿಯುವ ಉಮೇದು ಬಂತು. ಹನ್ನೊಂದು ಮನೆತನದವರು ನನ್ನ ಬಾಗಿಲಿಗೆ ಬಂದರು. ಯಾರಿಗೂ ಇಲ್ಲವೆನ್ನಲಿಲ್ಲ. ದಪ್ಪ ಕಾಗದದ ಮೇಲೆ ಮರ ಬಿಡಿಸಿ, ಬುಡದಲ್ಲಿ ಹಡಗಿನಿಂದಿಳಿದವನ ಹೆಸರು, ರೆಂಬೆಗಳಲ್ಲಿ ಮಕ್ಕಳು ಮೊಮ್ಮಕ್ಕಳು, ತುದಿಯಲ್ಲಿ ಈಗಿನ ಪುಟಾಣಿಗಳು ಎಂದು ಬರೆದುಕೊಟ್ಟೆ. ಜನ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು.

ಅಂಥ ಒಂದು ಮರ ನನ್ನ ಪಕ್ಕದ ಮನೆಯ ಲೌರೆನ್ಸ್ ಬ್ರಾಂಡ್‌ಹುಫ್‌ನದು. ಲೌರೆನ್ಸ್ ನಮ್ಮ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವನು. ಕೊಡುತ್ತಿದ್ದವನು ಎಂದು ಬರೆಯಬೇಕು. ಆತನ ಮೂಲಪುರುಷ ಗೆರಿಟ್ ಎಂಬ ಪೀಪಾಯಿ ಮಾಡುವ ಬಡಗಿ. 1671ರಲ್ಲಿ ಬಂದವನು. ಆರು ವರ್ಷದ ನಂತರ ಅವನು ಮದುವೆಯಾದದ್ದು ಲೆಯಾ ಎಂಬವಳನ್ನು. ಕಡತದಲ್ಲಿ ಅವಳ ಹೆಸರು ‘ಪುಲಿಕಾಟಿನ ಲೆಯಾ’ ಎಂದಿದೆ. ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತವರು ಗುಲಾಮರೆಂದು ದಾಖಲೆ ಓದುವವರಿಗೆ ಗೊತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಹಿಂದೂಸ್ಥಾನದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ತಂದು ಮಾರಿದ ಹುಡುಗಿ ಅವಳು. ಯಾರದೋ ಅಡುಗೆಮನೆಯಲ್ಲಿ ಒಂಬತ್ತು ವರ್ಷ ದುಡಿದಳು, ಬಿಡುಗಡೆ ಪಡೆದಳು, ದೀಕ್ಷಾಸ್ನಾನವಾಯಿತು, ಗೆರಿಟನ ಹೆಂಡತಿಯಾದಳು. ಚರ್ಚಿನಲ್ಲಿ, ಪಾದ್ರಿಯ ಎದುರಿಗೆ, ಸಾಕ್ಷಿಗಳ ಸಮೇತ. ಆ ಕಾಲದ ಆಡಳಿತಕ್ಕೆ ಅದರಿಂದ ಆಕಾಶ ಕಳಚಿ ಬೀಳಲಿಲ್ಲ.

ಒಂದು ತಪ್ಪೊಪ್ಪಿಗೆ. ಗೋಡೆಗೆ ಹಾಕುವ ಮರದಲ್ಲಿ ನಾನು ‘ಲೆಯಾ’ ಎಂದಷ್ಟೇ ಬರೆದು ಪುಲಿಕಾಟನ್ನು ಬಿಟ್ಟೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಇದ್ದದ್ದನ್ನು ಇದ್ದಂತೆ ಬರೆದಿಟ್ಟೆ. ಚರಿತ್ರೆ ಕಲಿಸುವವಳಿಗೆ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ, ನಿಜ ತೂಗುಹಾಕಲು ಧೈರ್ಯ ಬರಲಿಲ್ಲ.

ಕಳೆದ ಆಗಸ್ಟಿನಲ್ಲಿ ನೀವು ಬಂದಿರಿ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದು ನಿಂತಿರಿ. ಚರಿತ್ರೆಯೆಂದರೆ ನಿಮಗೂ ಪ್ರೀತಿ ಎಂದಿರಿ. ನಾನು ಕಾಫಿ ಕೊಟ್ಟೆ, ಒಣ ರಸ್ಕು ಕೊಟ್ಟೆ, ಕೇಳಿದ ಕೂಡಲೇ ನಾಲ್ಕೂ ಪುಸ್ತಕ ಕೊಟ್ಟೆ. ನನ್ನ ಕೆಲಸವನ್ನು ಅಷ್ಟು ಆಸಕ್ತಿಯಿಂದ ಅದುವರೆಗೆ ಯಾರೂ ಓದಿರಲಿಲ್ಲ. ಹಿಗ್ಗಿಹೋಗಿದ್ದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅಕ್ಟೋಬರಿನಲ್ಲಿ ನೀವು ಶಾಲೆಗೆ ಹೋದಿರಿ. ಯಾರೋ ಒಬ್ಬ ತಾಯಿ ದೂರು ಬರೆದಿದ್ದಳಂತೆ. ಲೌರೆನ್ಸನ ಮಗಳು ಮಿನಾಳ ಬಣ್ಣ ಬೇಸಿಗೆಯಲ್ಲಿ ಬೇರೆ ಮಕ್ಕಳಿಗಿಂತ ಹೆಚ್ಚು ಕಂದುತ್ತದೆ ಎಂಬುದು ದೂರು. ಹನ್ನೊಂದು ವರ್ಷದ ಹುಡುಗಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ತೋಳು ಮಡಚಿಸಿ, ಮೊಣಕೈಯ ಒಳಭಾಗ ನೋಡಿದಿರಿ. ಆಮೇಲೆ ಅವಳ ತಂದೆಯನ್ನು ಕಚೇರಿಗೆ ಕರೆಸಿ ನನ್ನ ಎರಡನೆಯ ಪುಸ್ತಕದ ನಲವತ್ತನೆಯ ಪುಟವನ್ನು ಅವನ ಮುಂದೆ ಬಿಡಿಸಿಟ್ಟಿರಿ. ನನ್ನ ಅಕ್ಷರ ಅವನಿಗೆ ಗೊತ್ತು. ಅವನೂ ನನ್ನ ವಿದ್ಯಾರ್ಥಿಯೇ.

ನಾನು ಕಾನೂನು ಓದಿದವಳಲ್ಲ. ಆದರೆ ಓದು ಬರುತ್ತದೆ. ನಿಮ್ಮ ಕಾನೂನು ಒಬ್ಬನ ಮುಖ ಹೇಗಿದೆ, ನೆರೆಹೊರೆಯವರು ಅವನನ್ನು ಏನೆಂದು ಒಪ್ಪಿಕೊಂಡಿದ್ದಾರೆ ಎಂದಷ್ಟೇ ಕೇಳುತ್ತದೆ. ಇನ್ನೂರೆಂಬತ್ತು ವರ್ಷದ ಹಿಂದಿನ ಮದುವೆಯಲ್ಲಿ ಮದುಮಗಳು ಯಾರೆಂದು ಕೇಳುವುದಿಲ್ಲ. ಹಾಗಿರುವಾಗ ಆ ಪುಟವನ್ನು ಅವನ ಮುಂದೆ ಇಟ್ಟದ್ದೇಕೆ? ಅವನು ಎದುರಾಡದೆ ಸಹಿ ಹಾಕಲಿ ಎಂದಲ್ಲವೇ? ಅವನು ಹಾಕಿದ. ಅಪ್ಪನೂ ಮಗಳೂ ಅಂದಿನಿಂದ ಮಿಶ್ರವರ್ಣದವರು. ಹೆಂಡತಿ ಆಲೆಟಾ ನಿಮ್ಮ ಕಾಗದದಲ್ಲಿ ಇನ್ನೂ ಬಿಳಿಯಳು. ಅಪ್ಪ ಮಗಳು ಇಬ್ಬರೂ ರೈಲು ಹಳಿಯ ಆಚೆಯ ಮಿಶ್ರವರ್ಣದವರ ಕೇರಿಗೆ ಮನೆ ಬದಲಾಯಿಸಬೇಕೆಂದು ನೀವು ಆಜ್ಞೆ ಹೊರಡಿಸಿದ್ದೀರಿ. ದಯವಿಟ್ಟು ತಿಳಿಸಿ, ಹದಿನಾರು ವರ್ಷದಿಂದ ಒಂದಾಗಿರುವ ಗಂಡಹೆಂಡಿರ ಮಂಚವನ್ನು ಹಳಿಯ ಯಾವ ಬದಿಗೆ ಹಾಕಬೇಕು? ಮಧ್ಯದಲ್ಲಿ ಹಾಕೋಣವೆಂದರೆ ಗಾಡಿ ಬರುತ್ತದೆ.

ಲೌರೆನ್ಸನ ಕೆಲಸ ಹೋಯಿತು. ಚರ್ಚಿನಲ್ಲಿ ಅವರ ಬೆಂಚಿನ ಮೇಲೆ ಈಗ ಬೇರೆಯವರು ಕೂರುತ್ತಾರೆ. ನಾನು ಮೂರು ವಾರ ಆ ಮನೆಯ ಕಡೆ ತಲೆ ಹಾಕಲಿಲ್ಲ. ಹೆದರಿಕೆ ಒಂದು, ಮುಖ ತೋರಿಸಲಾರದ ಸಂಕಟ ಇನ್ನೊಂದು. ಕೊನೆಗೆ ಮಿನಾ ತಾನಾಗಿಯೇ ನನ್ನ ಹಿತ್ತಿಲ ಬಾಗಿಲಿಗೆ ಬಂದಳು. ಶಾಲೆಯಿಂದ ಹೊರಹಾಕಿದ ಮಗು, ಆದರೂ ಸಮವಸ್ತ್ರ ಹಾಕಿಕೊಂಡಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ.

“ಟೀಚರ್, ನೀವು ಬರ್ದಿದ್ದು ತಪ್ಪಾ?” ಎಂದು ಕೇಳಿದಳು.

ತಪ್ಪಲ್ಲ ಎಂದೆ.

“ತಪ್ಪಾಗಿದ್ರೆ ಅಳಿಸಿಬಿಡಿ ಅಂತ ಕೇಳೋಣ ಅಂದ್ಕೊಂಡಿದ್ದೆ” ಎಂದಳು. ಆಮೇಲೆ, “ಆ ಲೆಯಾ ಅಜ್ಜಿ ಏನು ಪಾಪ ಮಾಡಿದ್ಲು?” ಎಂದಳು.

ಇದಕ್ಕೆ ಉತ್ತರ ನಿಮಗೆ ಹೊಳೆದರೆ ಪತ್ರಿಕೆಯಲ್ಲೇ ಬರೆಯಿರಿ. ಮಗು ಓದುತ್ತದೆ. ಅವಳ ಹೆಸರನ್ನು ಇಲ್ಲಿ ಬರೆಯಲು ಅವಳ ತಂದೆತಾಯಿಯರ ಒಪ್ಪಿಗೆ ಪಡೆದಿದ್ದೇನೆ. ಮುಚ್ಚಿಡಲು ಇನ್ನೇನು ಉಳಿದಿದೆ ಎಂದಳು ಆಲೆಟಾ.

ಹೋದ ತಿಂಗಳು ನೀವು ಮತ್ತೆ ಬಂದಿರಿ. ಈ ಸಲ ಹ್ಯಾಟು ತೆಗೆಯಲಿಲ್ಲ. ಏಳು ಮನೆತನಗಳ ಹೆಸರಿದ್ದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಈಸ್ಟರಿನೊಳಗೆ ಇವರ ಮೂಲ ಹುಡುಕಿಕೊಡಬೇಕೆಂದಿರಿ. ವಯಸ್ಸಾಯಿತು, ಕಣ್ಣು ಮಂಜು ಎಂದು ನಾನು ತಪ್ಪಿಸಿಕೊಳ್ಳಲು ನೋಡಿದೆ. ಆಗ ನೀವು ಆಡಿದ ಮಾತು ಒಂದಕ್ಷರ ಬಿಡದೆ ನೆನಪಿದೆ: “ನೋಡಿ ಟೀಚರ್, ಮೂರನೇ ಪುಸ್ತಕದಲ್ಲಿ ನಿಮ್ಮನೆ ಪುಟಾನೂ ಓದ್ದೆ. ಅದು ನನ್ನ ಹತ್ರ ಭದ್ರವಾಗಿರುತ್ತೆ. ನೀವೇನೂ ಯೋಚ್ನೆ ಮಾಡ್ಬೇಡಿ.”

ಅಂದಿನಿಂದ ನಾನು ಯೋಚನೆಯ ಹೊರತು ಬೇರೇನೂ ಮಾಡಿಲ್ಲ. ಬೀದಿಯಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾದರೆ ಒಲೆಯ ಮುಂದೆ ಕಲ್ಲಾಗುತ್ತೇನೆ. ಅಂಗಡಿಯಲ್ಲಿ ಯಾರಾದರೂ ನನ್ನ ಮುಖ ನೋಡಿದರೆ ಕನ್ನಡಿ ಹುಡುಕುತ್ತೇನೆ. ಅರವತ್ತೆರಡು ವರ್ಷ ನೋಡಿಕೊಂಡು ಬಂದ ಮೂಗನ್ನು ಈಗ ನಿಮ್ಮ ಕಣ್ಣಿನಿಂದ ನೋಡುತ್ತಿದ್ದೇನೆ. ಬಿಸಿಲಿಗೆ ಹೋಗುವಾಗ ತೋಳು ಮುಚ್ಚಿಕೊಳ್ಳುತ್ತೇನೆ. ಮಾನ್ಯರೇ, ಒಬ್ಬ ಮುದುಕಿ ತನ್ನ ಚರ್ಮಕ್ಕೇ ಹೆದರುವಂತೆ ಮಾಡುವುದು ಸಾಮಾನ್ಯ ಸಾಧನೆಯಲ್ಲ. ಇದಕ್ಕೊಂದು ಪದಕ ಇಲ್ಲವೇ?

ನನ್ನ ತಂಗಿಗೆ ಹೇಳಿದೆ. ತನ್ನ ಹೆಸರು ಬರೆಯಬೇಡವೆಂದು ಕೇಳಿಕೊಂಡಿದ್ದಾಳೆ, ಬರೆಯುವುದಿಲ್ಲ. ಅವಳಿಗೆ ಮೂವರು ಮಕ್ಕಳು, ಹಿರಿಯವಳಿಗೆ ಮದುವೆ ನಿಶ್ಚಯವಾಗಿದೆ. ನಮ್ಮ ಮನೆಯ ಪುಟದಲ್ಲಿ ಏನಿದೆಯೆಂದೂ ಹೇಳಿದೆ.

“ಅಕ್ಕ, ಅವ್ರು ಕೇಳಿದ್ದನ್ನ ಬರ್ದು ಕೊಟ್ಬಿಡು” ಎಂದಳು. “ನಿಂಗೇನು, ಗಂಡ ಇಲ್ಲ, ಮಕ್ಳಿಲ್ಲ. ನಾನು ಮೂರು ಮಕ್ಳನ್ನ ಎಲ್ಲಿ ಬಚ್ಚಿಡ್ಲಿ?”

ಅವಳ ಮಾತಿನಲ್ಲಿ ತಪ್ಪಿಲ್ಲ. ನಾನು ನಿಮ್ಮ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಬೆರಳಿಟ್ಟು ಓದುತ್ತ ಹೋದವಳು ಐದನೆಯ ಹೆಸರಿಗೆ ನಿಂತಳು. ಅದು ನಮ್ಮೂರ ಸೂಲಗಿತ್ತಿ ಹನ್ನಾ ಸ್ಮಾಲ್‌ವೆಲ್ಡ್‌ಳ ಮನೆತನ. ತಂಗಿಯ ಮೂರೂ ಹೆರಿಗೆ ಮಾಡಿಸಿದವಳು ಅವಳೇ. ನಡುವಿನ ಮಗು ಹುಟ್ಟಿದಾಗ ಉಸಿರಾಡುತ್ತಿರಲಿಲ್ಲ. ಹನ್ನಾ ಅದರ ಬಾಯಿಗೆ ತನ್ನ ಬಾಯಿಟ್ಟು ಉಸಿರು ತುಂಬಿದ್ದಳು.

ತಂಗಿಯ ಕಾಫಿ ಆರಿ ಕೆನೆಗಟ್ಟಿತು. ಕೊಟ್ಟರೆ ಅವರು ಇಷ್ಟಕ್ಕೇ ಸುಮ್ಮನಾಗುತ್ತಾರೆಯೇ ಎಂದು ಕೇಳಿದಳು. ಈ ಏಳಾದ ಮೇಲೆ ಇನ್ನೇಳು ಬರುತ್ತದೆ ಎಂದೆ. ನಮ್ಮ ಪುಟ ಅವರ ಕೈಯಲ್ಲಿರುವ ತನಕ ನಾನು ಅವರ ಗುಮಾಸ್ತೆಯಾಗಿರಬೇಕು, ಆ ಪುಟವನ್ನು ಊರೆಲ್ಲ ಓದಿಬಿಟ್ಟರೆ ಅವರ ಕೈಯಲ್ಲಿ ಬರೀ ಕಾಗದ ಉಳಿಯುತ್ತದೆ ಎಂದೆ. ಅವಳು ಎದ್ದು ಕೋಟು ಹಾಕಿಕೊಂಡಳು. ಗುಂಡಿಗಳನ್ನು ನಾನೇ ಹಾಕಿದೆ.

“ಬರಿ” ಎಂದಳು. “ಆದ್ರೆ ಭಾನುವಾರ ಆದ್ಮೇಲೆ ಅಚ್ಚು ಹಾಕ್ಸು. ಹುಡುಗನ ಮನೆಯವ್ರಿಗೆ ನಾನೇ ಮೊದ್ಲು ಹೇಳ್ತೀನಿ.”

ಭಾನುವಾರ ಅವಳು ಹೋಗಿ ಹೇಳಿದಳು. ಮದುವೆ ಮುಂದಕ್ಕೆ ಹೋಗಿದೆ. ನಿಂತಿತೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಅಂದಿನಿಂದ ತಂಗಿ ನನ್ನ ಮನೆಗೆ ಬಂದಿಲ್ಲ.

ನಮ್ಮ ಭಾಷೆಯ ಪತ್ರಿಕೆ ಈ ಪತ್ರವನ್ನು ಎರಡೇ ದಿನದಲ್ಲಿ ಹಿಂದಿರುಗಿಸಿತು. ಹಾಗಾಗಿ ಇದು ಕೇಪ್‌ಟೌನಿನ ಬೇರೊಂದು ಪತ್ರಿಕೆಯಲ್ಲಿ ಬರುತ್ತಿದೆ. ಅದೇ ದಿನ ಇದರ ಪ್ರತಿಯೊಂದು ನಮ್ಮ ಚರ್ಚಿನ ಬಾಗಿಲಿನಲ್ಲಿಯೂ ಇರುತ್ತದೆ. ಮೂರನೆಯ ಪುಸ್ತಕದ ಹನ್ನೆರಡನೆಯ ಪುಟದಲ್ಲಿರುವುದು ಇಷ್ಟೇ: ಗೆರಿಟ್ ಮತ್ತು ಲೆಯಾ ದಂಪತಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಮಗನ ಸಂತಾನ ಬ್ರಾಂಡ್‌ಹುಫ್‌ಗಳು. ಹಿರಿಯ ಮಗಳ ಸಂತಾನದಲ್ಲಿ ಒಂಬತ್ತನೆಯ ತಲೆಮಾರಿನವಳು ನಾನು. ಕಿರಿಯ ಮಗಳಿಗೆ ಹದಿನಾಲ್ಕು ಮಕ್ಕಳಾದವು, ಅವರು ಈ ಪ್ರಾಂತ್ಯದಲ್ಲೆಲ್ಲ ಹರಡಿದ್ದಾರೆ. ಆ ಕವಲನ್ನು ನಾನು ಹಿಂಬಾಲಿಸಿಲ್ಲ. ಅಧಿಕಾರಿಗಳೇ, ನಿಮ್ಮ ಮನೆತನವನ್ನೂ ಅದರಲ್ಲಿ ಹುಡುಕಿ ನೋಡುವಂತೆ ಕೆಲವರು ನನ್ನ ಕಿವಿಯೂದಿದರು. ಕಡತ ಕೇಳುವ ಚೀಟಿಯನ್ನು ಬರೆದೂ ಇದ್ದೆ. ಆಮೇಲೆ ಹರಿದುಹಾಕಿದೆ. ಒಬ್ಬ ಮನುಷ್ಯನನ್ನು ಹೆದರಿಸಲು ಅವನ ಅಜ್ಜಿಯನ್ನು ಹುಡುಕುವ ಕೆಲಸ ನನ್ನಿಂದ ಆಗುವುದಿಲ್ಲ. ನಿಮಗಾಗಿಯೂ ಆಗುವುದಿಲ್ಲ, ನಿಮ್ಮ ವಿರುದ್ಧವೂ ಆಗುವುದಿಲ್ಲ.

ಆದ್ದರಿಂದ ನನ್ನ ಒತ್ತಾಯ ಕೇಳಿ. ಮಿನಾಳನ್ನು ಅವಳ ತರಗತಿಗೆ ಹಿಂದಿರುಗಿಸಿ, ಅವಳ ತಂದೆಯನ್ನು ಅವನ ಟಿಕೆಟ್ ಕಿಟಕಿಯ ಹಿಂದೆ ಕೂರಿಸಿ, ನನ್ನ ನಾಲ್ಕು ಪುಸ್ತಕಗಳನ್ನು ಹಿಂದಕ್ಕೆ ಕೊಡಿ. ಅದು ಆಗದೆಂದರೆ, ಅವನನ್ನು ಯಾವ ನ್ಯಾಯದಿಂದ ಅಳೆದಿರೋ ಅದೇ ನ್ಯಾಯದಿಂದ ನನ್ನನ್ನೂ ಅಳೆಯಿರಿ. ಮುಚ್ಚಿದ ಕೋಣೆಯಲ್ಲಿ ಬೇಡ. ಊರಿನ ಸಭಾಭವನದಲ್ಲಿ, ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು. ನಾನು ಕಲಿಸಿದ ಮಕ್ಕಳೆಲ್ಲ ನೋಡುತ್ತಿರುವಾಗ ನನ್ನ ತೋಳನ್ನು ಬೆಳಕಿಗೆ ಹಿಡಿಯಿರಿ. ಅದು ಖಂಡಿತ ನಡುಗುತ್ತಿರುತ್ತದೆ. ಆದರೂ ಬರುತ್ತೇನೆ. ದಿನ ತಿಳಿಸಿ.

ಇಂತಿ,
ಈ ಪತ್ರ ಅಚ್ಚಾಗುವ ತನಕವಾದರೂ ಬಿಳಿಯಳೆಂದು ದಾಖಲಾಗಿರುವ,
ಗೆಸಿನಾ ಹಾಸ್‌ವೆಲ್ಡ್
ನಿವೃತ್ತ ಶಿಕ್ಷಕಿ, ಪುಲಿಕಾಟಿನ ಲೆಯಾಳ ವಂಶಸ್ಥೆ