ಬಿದ್ದ ಮನೆ ಹಸಿರು, ನಿಂತ ಮಾಳಿಗೆ ಕೆಂಪು

ಪರಂಪರೆ ಕಚೇರಿಯ ಡಿಜಿಟಲ್ ದಾಖಲಾತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಸೋರುವ ಮಾಳಿಗೆಗೆ ಮಣ್ಣು ಮೆತ್ತಿದ ಅಪರಾಧಕ್ಕಾಗಿ ನನ್ನ ದೊಡ್ಡಪ್ಪನ ಮಗಳು ಜುವೈನಾಳಿಗೆ ನಿಮ್ಮ ಕಚೇರಿ ನೋಟಿಸು ಕೊಟ್ಟಿದೆ. ಸಿದ್ರಾ ಕೇರಿಯ ಖರ್ಜೂರದ ಪಾಕದ ಕೋಣೆಯ ಮೇಲೆ ಈ ಸಲ ಹಾಕಿದ ಹೊಸ ಮಣ್ಣನ್ನು ಒಂದು ತಿಂಗಳೊಳಗೆ ಕೆರೆದು ತೆಗೆಯಬೇಕಂತೆ. ತೆಗೆಯದಿದ್ದರೆ ರಾಷ್ಟ್ರೀಯ ಪರಂಪರೆಗೆ ಹಾನಿ ಮಾಡಿದ ಆರೋಪದ ಮೇಲೆ ಮೊಕದ್ದಮೆಯಂತೆ. ಬೆಟ್ಟದ ಮೇಲೆ ಚಳಿಗಾಲದ ಮೋಡ ಕಟ್ಟುವ ದಿನಗಳಲ್ಲಿ ಮಣ್ಣಿನ ಮಾಳಿಗೆಯನ್ನು ಕೆರೆಯಿರಿ ಎಂದು ಆಜ್ಞೆ ಮಾಡಲು ಎರಡು ಬಗೆಯ ಜನರಿಂದ ಮಾತ್ರ ಸಾಧ್ಯ: ಆ ಕೋಣೆ ಬೀಳಲಿ ಎಂದು ಬಯಸುವವರು, ಇಲ್ಲವೇ ಆ ಕೋಣೆಯನ್ನು ಪರದೆಯ ಮೇಲಲ್ಲದೆ ಬೇರೆಲ್ಲೂ ನೋಡದವರು. ನೀವು ಮೊದಲ ಬಗೆಯವರಲ್ಲ ಎಂದು ನಾನು ನಂಬಿದ್ದೇನೆ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ.

ಈ ಪತ್ರ ಬರೆಯುವ ಮೊದಲು ನನ್ನನ್ನೇ ಸಾಕಷ್ಟು ಪ್ರಶ್ನಿಸಿಕೊಂಡಿದ್ದೇನೆ. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಮಸ್ಕತ್‌ನಲ್ಲಿ ಭೂಗೋಳ ಕಲಿಸುವವಳು, ಹವಾನಿಯಂತ್ರಿತ ಸಿಮೆಂಟಿನ ಮನೆಯಲ್ಲಿ ಮಲಗುವವಳು. ಹಳೆಯ ಕೇರಿಯ ಬಗ್ಗೆ ಕಣ್ಣು ತೇವ ಮಾಡಿಕೊಳ್ಳುವುದು ನನ್ನಂಥವರಿಗೆ ಸುಲಭ. ಅಲ್ಲಿ ಬದುಕುವ ಕಷ್ಟ ನಮಗಿಲ್ಲ. ಯಂತ್ರಗಳ ಮೇಲೆ ನನಗೆ ಹಗೆಯೂ ಇಲ್ಲ. ಉಪಗ್ರಹದ ಚಿತ್ರಗಳಿಲ್ಲದೆ ನಾನು ಪಾಠ ಮಾಡಲಾರೆ. ನಮ್ಮ ಕಣಿವೆಯ ಬಂಡೆಯೊಂದರ ಮೇಲಿದ್ದ ಹಳೆಯ ಬರಹ ಪ್ರವಾಹದಲ್ಲಿ ಕೊಚ್ಚಿಹೋದಾಗ ಉಳಿದದ್ದು ನಿಮ್ಮವರು ಮೊದಲೇ ಲೇಸರ್‌ನಿಂದ ತೆಗೆದಿಟ್ಟಿದ್ದ ನಕಲು ಮಾತ್ರ. ಅದಕ್ಕೆ ನಾನು ಋಣಿ. ಹೀಗೆ ನಿಮ್ಮ ಪರವಾಗಿ ಹೇಳಬಹುದಾದದ್ದನ್ನೆಲ್ಲ ಹೇಳಿಕೊಂಡ ಮೇಲೂ ಆ ನೋಟಿಸನ್ನು ಓದಿದರೆ ಉಳಿಯುವುದು ತಿರಸ್ಕಾರವೊಂದೇ. ಅದನ್ನು ಮುಚ್ಚಿಟ್ಟು ಸಭ್ಯಳೆನಿಸಿಕೊಳ್ಳುವ ಆಸೆ ನನಗಿಲ್ಲ.

ನಿಮ್ಮ ಜಾಲತಾಣದಲ್ಲಿ ‘ಆಸ್ತಿ’ ಎಂದು ಕರೆದಿರುವ ಆ ಕೋಣೆ ಏನೆಂಬುದನ್ನು ನಿಮಗೆ ಯಾರೂ ಹೇಳಿದಂತಿಲ್ಲ. ಅದರ ನೆಲದಲ್ಲಿ ಉದ್ದಕ್ಕೂ ಏಣುಗಳು, ಏಣುಗಳ ನಡುವೆ ಕಾಲುವೆಗಳು. ಖರ್ಜೂರದ ಮೂಟೆಗಳನ್ನು ಒಂದರ ಮೇಲೊಂದು ಒಟ್ಟಿದರೆ ತಮ್ಮದೇ ಭಾರಕ್ಕೆ ಅವು ಪಾಕ ಬಿಡುತ್ತವೆ; ಪಾಕ ಹರಿದು ಮೂಲೆಯಲ್ಲಿ ಹೂತ ಗಡಿಗೆಗೆ ಸೇರುತ್ತದೆ. ಕೇರಿಯ ಜನರೆಲ್ಲ ಕೆಳಗಿನ ಹೊಸ ಬಡಾವಣೆಗೆ ಇಳಿದು ಬಹಳ ಕಾಲವಾಯಿತು. ಆದರೂ ಕೊಯ್ಲಾದ ಮೇಲೆ ಹೆಂಗಸರು ಮೂಟೆಗಳನ್ನು ಹೊರಿಸಿಕೊಂಡು ಆ ಕೋಣೆಗೇ ಬರುತ್ತಾರೆ. ಸಿಮೆಂಟಿನ ಕೋಣೆಯಲ್ಲಿ ಖರ್ಜೂರ ಬೆವರಿ ಹುಳಿಯಾಗುತ್ತದೆ.

ಆ ಕೋಣೆಗೊಂದು ಕಟ್ಟಳೆಯಿದೆ. ಮಾಳಿಗೆಗೆ ಮಣ್ಣು ಹಾಕುವ ವರ್ಷ, ಮೂಟೆ ಇಡುವ ಪ್ರತಿ ಮನೆಯೂ ತನ್ನದೇ ಖರ್ಜೂರದ ಮರಗಳ ಬುಡದ ಮಣ್ಣನ್ನು ತರಬೇಕು. ಯಾರ ಮಣ್ಣು ಮಾಳಿಗೆಯ ಮೇಲಿಲ್ಲವೋ ಅವರ ಮೂಟೆ ಅದರ ಕೆಳಗಿಲ್ಲ. ಎಲ್ಲರ ಮಣ್ಣಿಗೂ ಹುಲ್ಲಿನ ಚೂರು ಬೆರೆಸಿ ಕೊಳೆಹಾಕಿ, ಹೆಂಗಸರೇ ತುಳಿದು ಹದ ಮಾಡುತ್ತಾರೆ. ಆ ವರ್ಷ ಮದುವೆಯಾಗಿ ಬಂದವಳದ್ದು ಮೊದಲ ಮುದ್ದೆ. ನಮ್ಮ ತೋಟದ ಮಣ್ಣು ಕೆಂಚು, ಹಳ್ಳದ ಕಡೆಯದ್ದು ಬೂದು. ಹಾಗಾಗಿ ಹೊಸದಾಗಿ ಮೆತ್ತಿದ ಮಾಳಿಗೆ ತೇಪೆ ಹಾಕಿದ ಹೊದಿಕೆಯ ಹಾಗೆ ಕಾಣುತ್ತದೆ. ಈ ತೇಪೆಗಳ ಮಾತು ಮತ್ತೆ ಬರುತ್ತದೆ, ಏಕೆಂದರೆ ನಿಮ್ಮ ಯಂತ್ರ ಬೆಚ್ಚಿಬಿದ್ದದ್ದು ಅವನ್ನು ನೋಡಿಯೇ.

ಮೂರು ವರ್ಷದ ಹಿಂದೆ ನಿಮ್ಮ ತಂಡ ಬಂತು. ಮುಕ್ಕಾಲಿಯ ಮೇಲೆ ಲೇಸರ್, ಆಕಾಶದಲ್ಲಿ ಡ್ರೋನ್. ಕೇರಿಯವರು ಕಹ್ವಾ ಕಾಫಿ ಕಾಸಿಕೊಟ್ಟರು, ಹಲ್ವಾ ಕೊಟ್ಟರು. ಜುವೈನಾಳಂತೂ ಹಬ್ಬದ ಉಡುಪು ಹಾಕಿಕೊಂಡು ಡ್ರೋನ್ ಹೋದಲ್ಲೆಲ್ಲ ಹೋಗಿ ನಿಂತಳು. ಆಮೇಲೆ ಅವಳನ್ನು ಚಿತ್ರದಿಂದ ‘ಅಳಿಸಲಾಯಿತು’ ಎಂದು ತಿಳಿದು ಒಂದು ವಾರ ಸಿಟ್ಟಾಗಿದ್ದಳು. ಮರುವರ್ಷ ರಾಜಧಾನಿಯಲ್ಲಿ ನಿಮ್ಮ ಪ್ರದರ್ಶನದ ಉದ್ಘಾಟನೆಯಾಯಿತು. ‘ಸ್ಥಳೀಯ ಸಮುದಾಯದ ಪ್ರತಿನಿಧಿ’ ಎಂದು ಅವಳನ್ನು ಕರೆಸಿ, ನೀವು ಅಳೆದು ಮಾಡಿದ ಕೇರಿಯನ್ನು ಒಳಗೇ ನಿಂತಂತೆ ತೋರಿಸುವ ಆ ದಪ್ಪ ಕನ್ನಡಕವನ್ನು ಕಣ್ಣಿಗೆ ಕಟ್ಟಿದಿರಿ. ನಾನು ಪಕ್ಕದಲ್ಲೇ ಇದ್ದೆ. ಅವಳು ಕೈಚಾಚಿ ಗಾಳಿಯಲ್ಲಿ ತಡಕಾಡಿದಳು, ಬಗ್ಗಿ ನೆಲ ನೋಡಿದಳು.

“ರಯ್ಯಾ, ಇದು ನಮ್ಮ ಕೋಣೇನಾ?”

“ಹೌದಕ್ಕಾ.”

“ಮತ್ತೆ ಇರುವೆ ಎಲ್ಲೇ? ಪಾಕದ ಕೋಣೇಲಿ ಇರುವೆ ಇಲ್ಲಾಂದ್ರೆ ಪಾಕಾನೇ ಇಲ್ಲ ಅಂತ. ಯಾರೋ ಸತ್ತಿರೋ ಮನೆ ಹಾಗಿದೆಯಲ್ಲೇ, ಇಷ್ಟು ಕ್ಲೀನು!”

ಅತಿಥಿಗಳು ನಕ್ಕರು. ನೀವೂ ನಕ್ಕಿರಿ, ‘ಮುಂದಿನ ಆವೃತ್ತಿಯಲ್ಲಿ ಇರುವೆ ಹಾಕಿಸೋಣ’ ಎಂದಿರಿ. ಹಾಸ್ಯವೆಂದೇ ನಾನೂ ತಿಳಿದಿದ್ದೆ. ಆದರೆ ದಾಖಲಾತಿ ಮುಗಿಯುವವರೆಗೆ ಕೇರಿಯ ಯಾವ ಗೋಡೆಯನ್ನೂ ಮಾಳಿಗೆಯನ್ನೂ ಮುಟ್ಟಕೂಡದು ಎಂಬ ಸೂಚನೆ ಅದೇ ತಿಂಗಳು ಬಂತು. ನಮ್ಮವರು ಪಾಲಿಸಿದರು. ಎರಡು ವರ್ಷ ಯಾರೂ ಮಣ್ಣು ಹಾಕಲಿಲ್ಲ.

ಎಲ್ಲರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಿದವರು ಪಾಕದ ಕೋಣೆಗೆ ಅಂಟಿಕೊಂಡ ಹಳೆಯ ಮನೆಯ ಒಡೆಯ ಖಲ್ಫಾನ್. ನಿವೃತ್ತ ಪೊಲೀಸರು, ಸರ್ಕಾರದ ಮಾತೆಂದರೆ ಅವರಿಗೆ ನಮಾಜಿನ ಕರೆಗಿಂತ ಅರೆಪಾವು ಮಾತ್ರ ಕಡಿಮೆ. ಅವರ ಮಾಳಿಗೆಯಲ್ಲಿ ಬಿರುಕು ಕಾಣಿಸಿತು. ಜುವೈನಾ ಹೇಳಿದಳಂತೆ, “ಎರಡು ಬುಟ್ಟಿ ಮಣ್ಣು ಹಾಕೋ ಖಲ್ಫಾನ್, ಯಾರು ನೋಡ್ತಾರೆ?” ಅವರು ಬೆರಳನ್ನು ಆಕಾಶಕ್ಕೆ ತೋರಿಸಿ, “ಅದು ನೋಡುತ್ತೆ” ಎಂದರಂತೆ. ದೇವರನ್ನಲ್ಲ, ನಿಮ್ಮ ಡ್ರೋನನ್ನು. ಹೋದ ಚಳಿಗಾಲದ ಮಳೆಗೆ ಆ ಮಾಳಿಗೆ ತೊಲೆಗಳ ಸಮೇತ ಒಳಗೆ ಕುಸಿಯಿತು. ಪಕ್ಕದ ಪಾಕದ ಕೋಣೆಯೂ ಒಂದು ಮೂಲೆಯಲ್ಲಿ ಸೋರಿ, ಆ ಸಾಲಿನ ಮೂಟೆಗಳೆಲ್ಲ ಬೂಷ್ಟು ಹಿಡಿದವು.

ಖಲ್ಫಾನ್ ನಿಮ್ಮ ಕಚೇರಿಗೆ ಫೋನು ಮಾಡಿದರು. ಬಂದ ಉತ್ತರವನ್ನು ಅವರು ಈಗಲೂ ಯಾರು ಕೇಳಿದರೂ ಅಕ್ಷರ ಬಿಡದೆ ಹೇಳುತ್ತಾರೆ: “ಗಾಬರಿ ಬೇಡ ಸಾರ್, ನಿಮ್ಮ ಮನೆ ನಮ್ಮ ಸರ್ವರ್‌ನಲ್ಲಿ ಪೂರ್ತಿ ಸುರಕ್ಷಿತವಾಗಿದೆ.”

ಮಾನ್ಯರೇ, ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ. ಒಬ್ಬ ಮನುಷ್ಯ ತನ್ನ ತಾತ ಕಟ್ಟಿದ ಮಾಳಿಗೆಯ ಮಣ್ಣುರಾಶಿಯ ಪಕ್ಕ ಒದ್ದೆ ಚಪ್ಪಲಿಯಲ್ಲಿ ನಿಂತು ಫೋನು ಮಾಡುತ್ತಾನೆ. ನಿಮ್ಮ ಕಚೇರಿ ಅವನನ್ನು ಹೀಗೆ ಸಮಾಧಾನ ಮಾಡುತ್ತದೆ. ನಾಳೆ ನಿಮ್ಮ ಮಾಳಿಗೆ ನಿಮ್ಮ ತಲೆಯ ಮೇಲೆ ಬಿದ್ದರೆ, ನಿಮ್ಮ ಮನೆಯವರಿಗೆ ನಿಮ್ಮ ಗುರುತಿನ ಚೀಟಿಯ ಫೋಟೋ ತೋರಿಸಿ ‘ಇವರು ಪೂರ್ತಿ ಸುರಕ್ಷಿತ’ ಎಂದರೆ ಸಾಕೆ?

ಈ ಶರತ್ಕಾಲದಲ್ಲಿ ಪಾಕದ ಕೋಣೆಯ ಹೆಂಗಸರು ಇನ್ನು ಕಾಯಲಿಲ್ಲ. ಮಣ್ಣು ತಂದರು, ತುಳಿದರು, ಮೆತ್ತಿದರು. ಎರಡು ವಾರದಲ್ಲಿ ನಿಮ್ಮ ಇನ್‌ಸ್ಪೆಕ್ಟರು ಟ್ಯಾಬ್ಲೆಟ್ ಹಿಡಿದು ಬಂದರು. ವಿನಯವಂತರು, ನೋಡಿದರೆ ಪಾಪ ಎನಿಸುವ ತರುಣರು; ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಅಂದು ಅಲ್ಲೇ ಇದ್ದೆ. ಅವರು ಪರದೆ ತೋರಿಸಿದರು: ಇಡೀ ಕೇರಿ ಹಸಿರು, ಪಾಕದ ಕೋಣೆಯ ಮಾಳಿಗೆಯ ಮೇಲೆ ಮಾತ್ರ ಕೆಂಪು ತೇಪೆಗಳು.

“ಖಾಲಾ, ಇಲ್ಲಿ ಗಂಭೀರ ಹಾನಿ ಆಗಿದೆ ಅಂತ ತೋರಿಸ್ತಿದೆ.” ಜುವೈನಾಳನ್ನು ಅವರು ಚಿಕ್ಕಮ್ಮಾ ಎನ್ನುವಂತೆ ಖಾಲಾ ಎಂದರು.

“ಹಾನೀನಾ? ಹತ್ತಿ ನೋಡಪ್ಪಾ. ಒದ್ದು ನೋಡು. ನಿನ್ನ ಕಾಲೇ ಮುರೀಬೇಕು, ಅದು ಅಲ್ಲಾಡಲ್ಲ.”

“ಗಟ್ಟಿ ಇದೆ ಖಾಲಾ, ಅದು ಬೇರೆ ಮಾತು. ಮೂಲ ಮಾದರಿಗೂ ಇದಕ್ಕೂ ವ್ಯತ್ಯಾಸ ಬಂದಿದೆ. ವ್ಯತ್ಯಾಸ ಬಂದ್ರೆ ಕೆಂಪು ಬರುತ್ತೆ.”

ಜುವೈನಾ ಪರದೆಯ ಮೇಲೆ ಬೆರಳು ಸರಿಸಿ ಪಕ್ಕದ ಮನೆಯನ್ನು ತೋರಿಸಿದಳು. “ಇದು ಯಾರದ್ದು?”

“ಇದು... ಖಲ್ಫಾನ್ ಅವರದ್ದು. ಇದು ಹಸಿರಿದೆ. ಉತ್ತಮ ಸ್ಥಿತಿ.”

“ತಿರುಗಿ ನೋಡು.”

ಅವರು ತಿರುಗಿ ನೋಡಿದರು. ಬಾಗಿಲ ಚೌಕಟ್ಟಿನ ಆಚೆ ಮಣ್ಣಿನ ಗುಡ್ಡೆ, ಅದರ ಮೇಲೊಂದು ಆಡು. ಪರದೆಯನ್ನು ಮತ್ತೊಮ್ಮೆ ನೋಡಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, “ಅದರ ದಾಖಲಾತಿ ಮುಗಿದುಹೋಗಿದೆ ಖಾಲಾ. ಮುಗಿದದ್ದನ್ನ ಮತ್ತೆ ಪರಿಶೀಲನೆ ಮಾಡಲ್ಲ” ಎಂದರು.

“ಹಾಗಾದ್ರೆ ಆ ಆಡನ್ನೂ ಬರಕೋ. ಅದಕ್ಕೂ ಹಸಿರೇ ಇಷ್ಟ.”

ಬಿದ್ದ ಮನೆ ಹಸಿರು, ನಿಂತ ಮಾಳಿಗೆ ಕೆಂಪು. ನಿಮ್ಮ ಇಡೀ ವಿಭಾಗದ ಸಾಧನೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ.

ಈಗ ನಿಮ್ಮ ‘ಮೂಲ ಮೇಲ್ಮೈ’ಯ ವಿಷಯ. ಹೊಸ ಮಣ್ಣು ಕೆರೆದು ಅದನ್ನು ಮರಳಿ ಹೊರತರಬೇಕೆಂದು ನೋಟಿಸು ಹೇಳುತ್ತದೆ. ಪದ ಘನವಾಗಿದೆ, ಓದಿದವರಿಗೆ ಹಿಂದೆ ನಾಡಾಳಿದ ಇಮಾಮರ ಕಾಲದ ಗಾರೆಯೇನೋ ಅನ್ನಿಸಬೇಕು. ನಿಮ್ಮ ಲೇಸರ್ ಬರುವ ಹಿಂದಿನ ವರ್ಷ ಘಾಲಿಯಾ ಎಂಬ ಹುಡುಗಿ ಮದುವೆಯಾಗಿ ನಮ್ಮ ಕೇರಿಗೆ ಬಂದಳು. ಆ ಮೇಲ್ಮೈಯ ಮೊದಲ ಮುದ್ದೆ ಅವಳದ್ದು. ಕೈಗೆ ಹಚ್ಚಿದ ಮೆಹಂದಿ ಹೋಗುತ್ತದೆಂದು ಅವಳು ಗೊಣಗಿದ್ದು ಎಲ್ಲರಿಗೂ ನೆನಪಿದೆ. ನಿಮ್ಮ ‘ಮೂಲ ಮೇಲ್ಮೈ’ಗಿಂತ ನನ್ನ ಕಾರು ಹಳೆಯದು, ಮಾನ್ಯರೇ. ಅದರ ಕೆಳಗೆ ಇನ್ನೊಂದು ಪದರವಿತ್ತು, ಅದರ ಕೆಳಗೆ ಮತ್ತೊಂದು. ಮಣ್ಣಿನ ಮಾಳಿಗೆ ಪ್ರತಿ ಮಳೆಗೂ ಒಂದಿಷ್ಟು ಕರಗುತ್ತದೆ, ಯಾರೋ ಹತ್ತಿ ಒಂದಿಷ್ಟು ಸೇರಿಸುತ್ತಾರೆ. ಇನ್ನೂರು ವರ್ಷ ಆ ಕೋಣೆ ನಿಂತಿದ್ದರೆ ಅದು ಈ ಹತ್ತುವಿಕೆಯಿಂದ. ನೀವು ಒಂದು ಮಧ್ಯಾಹ್ನ ಬಂದು, ಅಂದು ಕಂಡದ್ದನ್ನು ಅಳೆದು, ಇನ್ನು ಮೇಲೆ ಇದೇ ಸತ್ಯ, ಕಟ್ಟಡ ಇದನ್ನು ಮೀರಕೂಡದು ಎಂದು ಆಜ್ಞೆ ಹೊರಡಿಸಿದಿರಿ. ನಿದ್ದೆಹೋದವನ ಫೋಟೋ ತೆಗೆದುಕೊಂಡು, ಎದ್ದು ಕೂತದ್ದಕ್ಕೆ ದಂಡ ಹಾಕಿದ ಹಾಗೆ.

ಒಂದು ಅನುಮಾನ ನನ್ನನ್ನು ಬಿಟ್ಟಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜನರ ಕೈಗೆ ಎಲ್ಲವನ್ನೂ ಬಿಟ್ಟರೆ ಒಳ್ಳೆಯದೇ ಆಗುತ್ತದೆಯೇ? ಇಲ್ಲ. ಪಕ್ಕದ ಕೇರಿಯಲ್ಲಿ ಹಳೆಯ ಮಸೀದಿಗೆ ಸಿಮೆಂಟು ಬಳಿದು, ಒಳಗಿನ ಮಣ್ಣು ಉಸಿರುಕಟ್ಟಿ ಉದುರಿದ್ದನ್ನು ನಾನೇ ಕಂಡಿದ್ದೇನೆ. ಬಳಿದವರು ನಮ್ಮವರೇ, ಭಕ್ತಿಯಿಂದಲೇ ಬಳಿದರು. ಅಂಥದ್ದನ್ನು ತಡೆಯಲು ನಿಮ್ಮಂಥ ಕಚೇರಿ ಬೇಕು, ನಿಮ್ಮ ಡ್ರೋನೂ ಬೇಕು. ಆದರೆ ಸಿಮೆಂಟು ಬಳಿದರೂ ಕೆಂಪು, ಮಣ್ಣು ಮೆತ್ತಿದರೂ ಕೆಂಪು ಎನ್ನುವ ಯಂತ್ರಕ್ಕೆ ವ್ಯತ್ಯಾಸ ಹೇಳಿಕೊಡಲು ಒಬ್ಬ ಮನುಷ್ಯ ಬೇಕಲ್ಲ? ಆ ಕೆಲಸಕ್ಕೆ ನೇಮಕವಾದವರು ತಾವು. ಏಣಿ ಹತ್ತಿ ಒಮ್ಮೆ ನೋಡುವ ಬದಲು ತಾವು ಬಣ್ಣ ನೋಡಿ ಸಹಿ ಹಾಕಿದಿರಿ. ಆ ಯಂತ್ರ ದಡ್ಡತನಕ್ಕೆ ಸಂಬಳ ಪಡೆಯುವುದಿಲ್ಲ. ಇಷ್ಟಾದರೂ ಅದರ ಪರವಾಗಿ ಹೇಳಲೇಬೇಕು.

ಈಗ ಆ ಕೋಣೆಯಲ್ಲಿ ಈ ವರ್ಷದ ಮೂಟೆಗಳಿವೆ. ಪಾಕ ಇಳಿಯುತ್ತಿದೆ. ಹೊಸ ಮಣ್ಣು ಕೆರೆದರೆ ಹಳೆಯ ಪದರವೂ ಕಿತ್ತುಬರುತ್ತದೆ, ಮೊದಲ ಮಳೆಗೆ ಮಾಳಿಗೆ ಒಳಗೆ ಬರುತ್ತದೆ. ಆಮೇಲೆ ಕೇರಿಯಲ್ಲಿ ಪಾಕದ ಕೋಣೆ ಎಂಬುದು ಇರುವುದಿಲ್ಲ. ಜುವೈನಾ ಹಟಮಾರಿ, ಜಗಳಗಂಟಿ, ಆದರೆ ನೋಟಿಸು ಬಂದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. “ಕೋರ್ಟಲ್ಲಿ ನನ್ನ ಹೆಸರು ಕೂಗ್ತಾರೇನೇ? ಜೋರಾಗಿ ಕೂಗ್ತಾರೇನೇ?” ಎಂದು ಮೊನ್ನೆ ಕೇಳಿದಳು. ಈವರೆಗೆ ಅವಳು ಯಾವುದಕ್ಕೂ ನನ್ನ ಅಭಿಪ್ರಾಯ ಕೇಳಿದವಳೇ ಅಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು: ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಕೇರಿಯ ಮಾಳಿಗೆಗಳಿಗೆ ಮಣ್ಣು ಹಾಕಲು ಅಡ್ಡಿಯಿಲ್ಲವೆಂದು ಮಳೆಗೆ ಮೊದಲು ಬರೆದುಕೊಡಿ. ಖಲ್ಫಾನ್ ಅವರ ಮನೆಯನ್ನು ಪರದೆಯ ಮೇಲೆ ಬಿದ್ದುಹೋದ ಮನೆಯೆಂದೇ ತೋರಿಸಿ. ಅವರಿಗೆ ಅಷ್ಟಾದರೂ ಮರ್ಯಾದೆ ಸಲ್ಲಲಿ.

ಹಿಂದಕ್ಕೆ ಪಡೆಯಲು ಮನಸ್ಸಿಲ್ಲವೆಂದರೆ ನೋಟಿಸನ್ನು ತಿದ್ದಬೇಕಾಗುತ್ತದೆ, ಏಕೆಂದರೆ ಅದು ನಿಖರವಾಗಿಲ್ಲ. ಅದರಲ್ಲಿರುವುದು ಜುವೈನಾಳ ಹೆಸರೊಂದೇ. ಕೋಣೆಯಲ್ಲಿ ಮೂಟೆ ಇಟ್ಟ ಪ್ರತಿ ಮನೆಯ ಮಣ್ಣೂ ಆ ಮಾಳಿಗೆಯ ಮೇಲಿದೆ, ತುಳಿದ ಪ್ರತಿ ಹೆಂಗಸಿನ ಹೆಜ್ಜೆಯೂ ಇದೆ. ಹೆಸರು ಸೇರಿಸಿ ಎಂದು ಅವರೆಲ್ಲ ನನಗೆ ಹೇಳಿದ್ದಾರೆ. ಮೆಹಂದಿಯ ಘಾಲಿಯಾಳಂತೂ ತನ್ನದನ್ನು ಮೊದಲು ಬರೆಯಬೇಕೆಂದು ಹಟ ಹಿಡಿದಿದ್ದಾಳೆ. ಪರದೆಯ ಮೇಲೆ ನೈಋತ್ಯ ಮೂಲೆಯಲ್ಲಿ ಎಲ್ಲಕ್ಕಿಂತ ದಟ್ಟ ಕೆಂಪಾಗಿ ಕಾಣುವ ತೇಪೆ ನನ್ನದು. ಅಪ್ಪನ ತೋಟದ ಕೆಂಚು ಮಣ್ಣು. ಸೂಪರ್ ಮಾರ್ಕೆಟ್ಟಿನ ಚೀಲದಲ್ಲಿ ತುಂಬಿ ಕಾರಿನ ಮುಂದಿನ ಸೀಟಿನಲ್ಲಿಟ್ಟು ತಂದದ್ದು. ಅಲ್ಲಿ ಮೆತ್ತಿದ್ದು ನನ್ನ ಕೈ. ಸ್ವಲ್ಪ ಒರಟಾಗಿದೆ, ಅಭ್ಯಾಸವಿಲ್ಲ. ಹೆಸರು ಕೂಗುವ ದಿನ ನಾವೆಲ್ಲ ಒಟ್ಟಿಗೆ ಬರುತ್ತೇವೆ. ದೊಡ್ಡ ಕೋಣೆ ನೋಡಿಡಿ.

ಇಂತಿ,
ತಮ್ಮ ನಿಖರ ದಾಖಲೆಯಲ್ಲಿ ಬಿಟ್ಟುಹೋದ ಆರೋಪಿ,
ರಯ್ಯಾ
(ಸಿದ್ರಾ ಕೇರಿಯವಳು, ಸದ್ಯ ಮಸ್ಕತ್‌ನ ಸಿಮೆಂಟಿನ ಸೂರಿನಡಿ)