ಒಂದೇ ಒದೆ ಕೆಂಪಯ್ಯ

ಸೆಪ್ಟೆಂಬರ್ 8, ಸೋಮವಾರ

ಹಾಲು ಕರೆದಾಯಿತು. ಡೈರಿಗೆ ಆರೂವರೆ ಲೀಟರು. ಕೆಂದಹಸು ಇವತ್ತೂ ಬಾಲದಿಂದ ಮುಖಕ್ಕೆ ಬಾರಿಸಿತು. ಸೊಸೆ ಮಾಡಬೇಕೆಂದುಕೊಂಡು ಮಾಡದೆ ಬಿಟ್ಟದ್ದನ್ನು ಅದು ಮಾಡುತ್ತದೆ.

ಮಧ್ಯಾಹ್ನ ಕರಿಯಯ್ಯ ಬಂದಿದ್ದ. ಮದ್ದೂರಿನ ಹೈವೇ ಪಕ್ಕ ಹೋಟೆಲು ಕಟ್ಟಿಸುತ್ತಿದ್ದಾನೆ. ಕೊಟ್ಟಿಗೆಯಲ್ಲಿರುವ ನಮ್ಮವರ ಜಾವ ಬೈಕು ಬೇಕಂತೆ. ಓಡಿಸುವುದಕ್ಕಲ್ಲ... ಗೋಡೆಗೆ ನೇತುಹಾಕುವುದಕ್ಕೆ. ಊಟಕ್ಕೆ ಬಂದವರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ.

"ಅಂಗಾರೆ ನನ್ನೂ ಪಕ್ಕದಲ್ಲಿ ನೇತಾಕ್ಲಾ. ಅದ್ಕಿಂತ ಹಳೇ ಮಾಡ್ಲು ನಾನು," ಅಂದೆ.

ಅವನು ನಕ್ಕ. ಮಗ ಶಿವರಾಮು ನಗಲಿಲ್ಲ. "ಅಪ್ಪ ಓದಾಗ್ಲಿಂದ ನಿಂತದೆ ಕಣವ್ವ, ಒಂಬತ್ತು ವರ್ಸ. ಪಕ್ಷ ಕಳೀಲಿ, ಅಮಾಸೆ ಮಾರ್ನೆ ದಿನ ತಕೊಂಡೋಗ್ಲಿ."

"ಅಷ್ಟ್ರಲ್ಲಿ ಓಡುದ್ರೆ?"

"ಓಡುದ್ರೆ ಇಲ್ಲೇ ಇರ್ಲಿ ಬುಡು."

ತಾರೀಖು ಸಮೇತ ಬರೆದಿದ್ದೇನೆ. ಮಾತು ತಪ್ಪಿದರೆ ಈ ಪುಟ ಅವನ ಮುಖಕ್ಕೆ ಹಿಡಿಯುವುದೇ.

ಸೆಪ್ಟೆಂಬರ್ 10, ಸಂಜೆ

ಮೊಮ್ಮಗಳು ನಾಗಶ್ರೀ ಹಟಕ್ಕೆ ಬಿದ್ದಿದ್ದಾಳೆ. ಐಟಿಐ ಮಾಡಿ ಮದ್ದೂರಿನ ಬೈಕು ಶೋರೂಮಿನಲ್ಲಿ ಮೆಕ್ಯಾನಿಕ್ಕು. ಕೆಲಸದಿಂದ ಬಂದವಳು ಕಾಫಿಯನ್ನೂ ಕುಡಿಯದೆ ಕೊಟ್ಟಿಗೆಗೆ ನುಗ್ಗಿದಳು. ಸೈಲೆನ್ಸರಿನಲ್ಲಿ ಇಲಿ ಮರಿ ಹಾಕಿತ್ತು. ಎರಡು ಸೈಲೆನ್ಸರು, ಎರಡು ಸಂಸಾರ.

ಧೂಳು ಒರೆಸಿದ ಮೇಲೆ ಟ್ಯಾಂಕಿನ ಕ್ರೋಮಿನಲ್ಲಿ ಮುಖ ಕಂಡಿತು. ನನ್ನದೇ. ಮೈಸೂರಿನಲ್ಲಿ ಮಾಡಿದ ಗಾಡಿ ಅಂದರೆ ಸುಮ್ಮನೆಯೇ.

"ಅಜ್ಜಿ, ಎಂಥಾ ಡಿಸೈನು ನೋಡು! ಕಿಕ್ಕೂ ಗೇರೂ ಒಂದೇ ಪೆಡ್ಲು."

"ಸಂಸಾರಸ್ತರು ಮಾಡಿರದು ಕಣವ್ವ. ಒಂದ್ರಲ್ಲೇ ಎಲ್ಡು ಕೆಲ್ಸ."

ಸೆಪ್ಟೆಂಬರ್ 14, ಭಾನುವಾರ

ಹೊಸ ಪ್ಲಗ್ಗು, ಹೊಸ ಪೆಟ್ರೋಲು, ಕಾರ್ಬೋರೇಟರ್ ಬಿಚ್ಚಿ ತೊಳೆದದ್ದು... ಎಲ್ಲಾ ಆಯಿತು. ಸ್ಟಾರ್ಟ್ ಆಗಲಿಲ್ಲ. ನಾಗಶ್ರೀ ಒದ್ದಳು. ಶಿವರಾಮು ಒದ್ದ. ಪಕ್ಕದ ಮನೆ ಕೆಂಪಸಿದ್ದಯ್ಯ ಪಂಚೆ ಎತ್ತಿಕಟ್ಟಿ ಬಂದು ಒದ್ದು ಸೊಂಟ ಹಿಡಿದುಕೊಂಡು ಹೋದ. ಹೋಗುವಾಗ ಹೇಳಿದ:

"ನಿಮ್ ತಾತ ಒಂದೇ ಒದೆ ಕಣವ್ವ. ಎಲ್ಡನೇ ಒದೆ ನಾವ್ ಕೇಳೇ ಇಲ್ಲ. ಸುಮ್ಕೆ ಒಂದೇ ಒದೆ ಕೆಂಪಯ್ಯ ಅಂತಿದ್ರಾ?"

ನಾನು ಜಗಲಿ ಮೇಲೆ ಅಕ್ಕಿ ಆರಿಸುತ್ತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಹೇಳುವ ಹಾಗಿರಲಿಲ್ಲ.

ಇಲ್ಲಿ ಬರೆದರೆ ಯಾರಿಗೂ ಹೇಳಿದಂತಲ್ಲ. ಬರೆಯುತ್ತೇನೆ.

ನಮ್ಮವರು ಮದ್ದೂರಿನ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದರು. ಬೆಳಗ್ಗೆ ಐದಕ್ಕೆ ತುಂಬಿದ ಕ್ಯಾನುಗಳನ್ನು ಗಾಡಿಗೆ ಕಟ್ಟಿ ಹತ್ತಿ ಕುಳಿತರೆ ಎರಡು ಕಾಲೂ ನೆಲದ ಮೇಲೆ. ಒಂದು ಎತ್ತಿದರೆ ಗಾಡಿ, ಹಾಲು, ಗಂಡ ಮೂರೂ ಮೋರಿಗೆ. ಅದಕ್ಕೇ ಅವರು ಕೂರುವುದು, ನಾನು ಪಕ್ಕದಲ್ಲಿ ನಿಂತು ಒದೆಯುವುದು. ಇಪ್ಪತ್ತೆರಡು ವರ್ಷ. ಬೀದಿಗೆ ಶಬ್ದ ಕೇಳುತ್ತಿತ್ತು, ಕತ್ತಲಲ್ಲಿ ಕಾಲು ಕಾಣುತ್ತಿರಲಿಲ್ಲ. ಬರುವಾಗ? ಮದ್ದೂರಿನಲ್ಲಿ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದರು, ಮಹಾರಾಯರು. ತಳ್ಳಿ ಸ್ಟಾರ್ಟ್ ಮಾಡಿಕೊಂಡು ಬಂದುಬಿಡುತ್ತಿದ್ದರು.

"ಯಾರ್ಗೂ ಯೋಳ್ಬ್ಯಾಡ ಕಣಮ್ಮಿ, ಮಾನ ಓಯ್ತದೆ." ಭಾಷೆ ತೆಗೆದುಕೊಂಡಿದ್ದರು. ಕೊಟ್ಟಿದ್ದೆ.

ಸೆಪ್ಟೆಂಬರ್ 18

ಇವತ್ತೂ ಇಲ್ಲ. ನಾಗಶ್ರೀ ಊಟ ಬಿಟ್ಟು ಮಲಗಿದಳು. ನನ್ನ ಪಾಲಿನ ಮುದ್ದೆಯನ್ನು ಕೆಂದಹಸುವಿಗೆ ಹಾಕಿದೆ. ಗೋಡೆ ಮೇಲೆ ನಮ್ಮವರ ಗಾಡಿ, ಕೆಳಗೆ ಯಾರೋ ಬಾಯಿ ಒರೆಸಿಕೊಳ್ಳುತ್ತಾ ಫೋಟೊ...

ಸೆಪ್ಟೆಂಬರ್ 21, ಅಮಾವಾಸ್ಯೆ

ಹಿರಿಯರಿಗೆ ಎಡೆ ಇಟ್ಟೆವು. ಬಾಡೂಟ, ಕಜ್ಜಾಯ, ಅವರ ಬೀಡಿ. ಪಕ್ಕದಲ್ಲಿ ಗಾಡಿ ಕೀಯನ್ನೂ ಇಟ್ಟೆ. ಎಲ್ಲರೂ ಆಚೆ ಹೋದ ಮೇಲೆ ಕೇಳಿದೆ:

"ನಿಮ್ ಮಾನ ಉಳುಸ್ಲೋ, ಗಾಡಿ ಉಳುಸ್ಲೋ?"

ಸುಮ್ಮನಿದ್ದರು. ಬದುಕಿದ್ದಾಗಲೂ ಅವರ ಒಪ್ಪಿಗೆ ಅಂದರೆ ಸುಮ್ಮನಿರುವುದೇ. ಕೀ ಎತ್ತಿಕೊಂಡೆ.

ಅಂಗಳದಲ್ಲಿ ನಾಗಶ್ರೀಗೆ ಹೇಳಿದೆ: "ಅತ್ತಿ ಕೂತ್ಕೊ. ಎಡಕ್ಕೆ ವಾಲ್ಸು."

"ಬಿದ್ದೋಯ್ತದೆ ಅಜ್ಜಿ!"

"ಬೀಳಾಕಿಲ್ಲ. ಇನ್ನೂ ವಾಲ್ಸು. ಒಂದ್ ಕ್ಯಾನ್ ಆಲಿನ ಭಾರ ಇರೋ ಅಂಗೆ."

ಅಷ್ಟೇ ಗುಟ್ಟು. ವಾಲಿ ನಿಂತರೆ ಪೆಟ್ರೋಲು ಸರಿಯಾಗಿ ಇಳಿಯುತ್ತದೆ. ನೆಟ್ಟಗೆ ನಿಲ್ಲಿಸಿ ಒದೆಯುವುದು ಹಾಲು ಹೊರದವರ ಅಭ್ಯಾಸ.

ಸೀರೆ ಎತ್ತಿ ಸಿಕ್ಕಿಸಿದೆ. ಎರಡು ಸಲ ಮೆಲ್ಲಗೆ ತುಳಿದೆ, ನಿದ್ದೆಯಿಂದ ಎಬ್ಬಿಸುವ ಹಾಗೆ. ಕೀ ತಿರುಗಿಸಿದೆ. ಒದ್ದೆ.

ಒಂದೇ.

ನೀಲಿ ಹೊಗೆ! ಕೋಳಿಗಳು ಹಾರಿ ಹೆಂಚಿನ ಮೇಲೆ. ಶಿವರಾಮು ಎಂಜಲು ಕೈಯಲ್ಲೇ ಓಡಿಬಂದ. "ಅವ್ವಾ... ಒಂದೇ ಒದೆ ಅಪ್ಪಂದಲ್ವಾ?"

"ನಿಮ್ಮಪ್ಪ ಕೂರ್ತಿದ್ರು ಕಣ್ಲಾ. ಒದೀತಿದ್ದೋಳು ನಾನು."

ಕಾಂಪೌಂಡಿನ ಆಚೆ ಕೆಂಪಸಿದ್ದಯ್ಯ ಬಾಯಿ ಬಿಟ್ಟುಕೊಂಡು ನಿಂತಿದ್ದ. ಇನ್ನು ಊರಿಗೆ ನಾನು ಹೇಳಬೇಕಿಲ್ಲ.

ಸೆಪ್ಟೆಂಬರ್ 22

ಕರಿಯಯ್ಯ ಹಗ್ಗ, ಟೆಂಪೊ ಸಮೇತ ಬಂದ. ಬೈಕು ಇರಲಿಲ್ಲ. ನಾಗಶ್ರೀ ಅದರಲ್ಲೇ ಕೆಲಸಕ್ಕೆ ಹೋಗಿದ್ದಳು. ಅವನಿಗೆ ಮಜ್ಜಿಗೆ ಕೊಟ್ಟೆ.

ಸೆಪ್ಟೆಂಬರ್ 28, ಭಾನುವಾರ

ಐದು ದಿನ ಬರೆಯಲಾಗಲಿಲ್ಲ. ಶಿವರಾಮುವನ್ನು ಕೂರಿಸಿ ನಾನು ಮತ್ತೆ ಒದ್ದಾಗ ನಾಗಶ್ರೀ ತೆಗೆದ ವಿಡಿಯೊ ಫೋನಿನಿಂದ ಫೋನಿಗೆ ಹೋಗಿ ಸಿನಿಮಾದವರಿಗೆ ಮುಟ್ಟಿದೆ. ಹಳೇ ಕಾಲದ ಕಥೆಯಂತೆ, ಜಾವ ಬೇಕಂತೆ, ಸಂಜೆಗೆ ವಾಪಸ್ಸು. ವಿ.ಸಿ. ಫಾರಂ ಹತ್ತಿರ ಸಾಲುಮರದ ರಸ್ತೆಯಲ್ಲಿ ಶೂಟಿಂಗು. ನಾನೂ ಹೋದೆ. ಗಾಡಿ ಒಂದನ್ನೇ ಕಳಿಸುವವಳಲ್ಲ.

ಹೀರೊ ಹುಡುಗ ಚೆನ್ನಾಗಿದ್ದಾನೆ. ತೋಳು ಬಾಳೆದಿಂಡು. ಹತ್ತೊಂಬತ್ತು ಸಲ ಒದ್ದ. ಕ್ಯಾಮೆರಾದವನು ಆಕಳಿಸಿದ.

"ಎಡಕ್ಕೆ ವಾಲ್ಸಪ್ಪ," ಅಂದೆ. ವಾಲಿಸಿದ, ಬಿದ್ದ.

ಕೊನೆಗೆ ಡೈರೆಕ್ಟರು ನನ್ನ ಕಾಲು ನೋಡಿದರು. ನನಗೆ ಪ್ಯಾಂಟು ಹಾಕಿಸಿದರು! ಹೀರೊನ ಬೂಟಿನೊಳಗೆ ಬಟ್ಟೆ ತುರುಕಿ ನನ್ನ ಕಾಲಿಗೆ ತೊಡಿಸಿದರು. ಅವನು ಕೂತ, ಇಬ್ಬರು ವಾಲಿಸಿ ಹಿಡಿದರು, ನಾನು ಒದ್ದೆ. ಮೀಸೆ ಅವನದು, ಕಾಲು ನನ್ನದು. ಎಲ್ಲರೂ ಚಪ್ಪಾಳೆ... ಅವನಿಗೆ.

ಅರೆ, ಮತ್ತೆ ಅದೇ ಕಥೆಯೇ?

"ಡೈರೆಕ್ಟರಪ್ಪ, ಗಂಡಂಗೇನೋ ಬುಟ್ಕೊಟ್ಟೆ. ಇವ್ನು ನಂಗೇನಾಗ್ಬೇಕು? ನನ್ ಎಸರು ಆಕ್ಸು."

"ಏನಂತ ಹಾಕ್ಸೋದು ಅಜ್ಜಿ?"

"ಕಾಲು: ಅಂಕಮ್ಮ, ಕೊಪ್ಪ."

ಎದುರಿಗೇ ಬರೆಸಿಕೊಂಡು ಬಂದೆ.

ಅಕ್ಟೋಬರ್ 1, ಆಯುಧಪೂಜೆ, ಹನ್ನೊಂದು ಗಂಟೆ

ಗಾಡಿ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದೆವು. ಕುಂಬಳಕಾಯಿ ಒಡೆದದ್ದು ಶಿವರಾಮು. ನಿಂಬೆಹಣ್ಣು ಚಕ್ರದ ಕೆಳಗಿದೆ.

ಕೆಂಪಸಿದ್ದಯ್ಯ "ಒಂದೇ ಒದೆ ಅಂಕಮ್ಮ" ಅಂದ. ಬೈದೆ. ಇನ್ನೊಮ್ಮೆ ಅನ್ನಲಿ ಅಂತ ಅಲ್ಲೇ ನಿಂತೆ.

ನಾಗಶ್ರೀ ಹನಕೆರೆಗೆ, ನನ್ನ ತಂಗಿ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. ಯೋಚಿಸಿದರೆ ನಗು ಬರುತ್ತದೆ... ಇಪ್ಪತ್ತೆರಡು ವರ್ಷ ಒದ್ದೆ, ಒಂದು ದಿನವೂ ಹತ್ತಿ ಕೂರಲಿಲ್ಲ. ಕೂರುವ ಜಾಗದಲ್ಲಿ ಕ್ಯಾನುಗಳಿದ್ದವು. ಈಗ ಹಿಂದಿನ ಸೀಟು ಖಾಲಿ. ಹಸಿರು ರೇಷ್ಮೆ ಸೀರೆ ಉಟ್ಟಿದ್ದೇನೆ. ಗಾಳಿಗೆ ಸೆರಗು—

"ಅಜ್ಜೀ, ವಾಲ್ಸಿವ್ನಿ, ಬಾ! ಕೈ ನೋಯ್ತಾದೆ!"

ಬಂದೆ ಕಣವ್ವ, ಚಪ್ಪಲಿ ಎಲ್ಲಿ