ಎಡಗಡೆ ಸೀಟು

ಜುಲೈ 31, 1983, ಭಾನುವಾರ

ಬಾಟಲಿಗಳನ್ನು ಕುದಿಸಿದ್ದಾಯಿತು. ನ್ಯಾಪಿಗಳು ಇನ್ನೂ ಹಸಿ, ತಂತಿಯ ಮೇಲೇ ಇವೆ. ರಾಬಿನ್ ಮಲಗಿದ್ದಾನೆ. ಆಗಿನಿಂದ ಎರಡು ಸಲ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ಬಂದೆ. ಉಸಿರಾಡುತ್ತಿದ್ದಾನೆ. ಆಡುತ್ತಿರುತ್ತಾನೆ ಎಂದು ಗೊತ್ತಿದ್ದೂ ಹೋಗುತ್ತೇನೆ. ಏಳು ತಿಂಗಳಿಂದ ಇದೇ.

ಟ್ರೆವರ್ ಹೊರಗೆ ಕಾರಿನ ಹೆಡ್‌ಲೈಟಿಗೆ ಹಳದಿ ಬಳಿಯುತ್ತಿದ್ದಾನೆ. ಫ್ರಾನ್ಸಿನಲ್ಲಿ ದೀಪ ಹಳದಿಯೇ ಇರಬೇಕು. ಹಿಂದುಗಡೆ ಬ್ರಿಟನ್ನಿನ ಕಾರೆಂಬ ಗುರುತು, ಜಿ.ಬಿ., ಅಂಟಿಸಿಯಾಯಿತು. ಕಾರು ಮಾವನದು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಪ್ರತಿ ಆಗಸ್ಟಿನಲ್ಲಿ ಇದೇ ಹಸಿರು ಕಾರನ್ನು ಹಡಗಿಗೆ ಹತ್ತಿಸಿ ಆಚೆ ದಡಕ್ಕೆ ಒಯ್ಯುತ್ತಿದ್ದರು. ಈ ವರ್ಷ ನಾವು.

ಅತ್ತೆ ಬೆರಿಲ್ ಬಂದಿದ್ದರು. ಕೇಕು, ಜೊತೆಗೆ ಉಪದೇಶ.

"ಎಡಗಡೆ ಸೀಟು ಅಂದ್ರೆ ಸುಮ್ನೆ ಅಲ್ಲ ಕಣಮ್ಮಾ. ಅಲ್ಲಿ ಎಲ್ಲಾರೂ ರಸ್ತೆ ಬಲಕ್ಕೆ ಓಡಿಸ್ತಾರೆ. ನಮ್ ಸ್ಟೇರಿಂಗೂ ಬಲಕ್ಕೇ. ಮುಂದೆ ಒಂದು ಲಾರಿ ಸಿಕ್ತು ಅನ್ಕೋ, ಎದುರಿಂದ ಏನ್ ಬರ್ತಿದೆ ಅಂತ ಓಡ್ಸೋನಿಗೆ ಕಾಣೋದೇ ಇಲ್ಲ. ಎಡಕ್ಕೆ ಕೂತೋಳೇ ನೋಡಿ ಹೇಳ್ಬೇಕು. ನಾನು ಹೋಗು ಅಂದ್ರೆ ನಿಮ್ಮಾವ ರಾನ್ ಹೋಗೋನು, ಬೇಡ ಅಂದ್ರೆ ಇಲ್ಲ. ಅವನ ಎಡಗಣ್ಣು ನಾನೇ."

"ಮನೇಲಿ ಅಪ್ಪ ನಿನ್ ಮಾತು ಕೇಳಿದ್ದು ಮಾತ್ರ ನಾನು ನೋಡ್ಲೇ ಇಲ್ಲ ಮಮ್" ಎಂದ ಟ್ರೆವರ್.

"ಅದಕ್ಕೇ ಕಣೋ ವರ್ಷಾ ವರ್ಷಾ ಫ್ರಾನ್ಸಿಗೆ ಹೋಗ್ತಿದ್ದಿದ್ದು!"

ನಕ್ಕೆವು. ನಾನೂ. ಆಮೇಲೆ ಬೆರಿಲ್ ದನಿ ತಗ್ಗಿಸಿದರು. ಟ್ರೆವರ್ ಕೆಲಸ ಸಮುದ್ರದ ನಡುವಿನ ಗ್ಯಾಸ್ ಬಾವಿಯಲ್ಲಿ — ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ; ಈ ಸಲ ರಜೆ ಸೇರಿ ಮೂರು ವಾರ. ಅವನು ಅಲ್ಲಿರುವಾಗ ನಾನು, ರಾಬಿನ್, ಕೆಟಲು.

"ಇನ್ಮೇಲೆ ನೀನು ಡ್ಯೂಟಿಗೆ ಹೋದಾಗೆಲ್ಲ ಮಗೂನ ನಾನು ಕರ್ಕೊಂಡು ಹೋಗ್ತೀನಿ. ಹುಡುಗಿ ಮುಖ ನೋಡೋ, ನಿದ್ದೆಯಿಲ್ದೆ ಹೇಗಾಗಿದೆ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ?"

"ಟ್ರಿಪ್ ಮುಗೀಲಿ ಮಮ್. ಅಲ್ಲಿ ಹೇಗಿರ್ತಾಳೆ ನೋಡೋಣ."

ನಾನು ಅಲ್ಲೇ ಇದ್ದೆ. ತಟ್ಟೆ ಒರೆಸುತ್ತಿದ್ದೆ. ಒಂದೇ ತಟ್ಟೆಯನ್ನು.

ಆಗಸ್ಟ್ 2, ಮಂಗಳವಾರ. ಹಡಗಿನಲ್ಲಿ

ಡೋವರ್ ಬಂದರಿನಲ್ಲಿ ಕಾರುಗಳ ಸಾಲು. ಬಿಸಿಲು. ಮುಂದಿನ ಕಾರಿನ ಮೇಲೆ ಹಾಸಿಗೆ, ದೋಣಿ, ಮಡಚುವ ಕುರ್ಚಿ, ಒಂದು ಕಡಾಯಿ. ಆಮೇಲೆ ಒಬ್ಬೊಬ್ಬರಾಗಿ ಹಡಗಿನ ಹೊಟ್ಟೆಯೊಳಕ್ಕೆ. ಕತ್ತಲು, ಡೀಸೆಲ್ ವಾಸನೆ. ಕಾರಿಗೂ ಕಾರಿಗೂ ನಡುವೆ ಸೊಂಟ ಹಿಡಿಯುವಷ್ಟೂ ಜಾಗವಿಲ್ಲ. ರಾಬಿನ್‌ನನ್ನು ತಲೆಯ ಮೇಲೆ ಎತ್ತಿಕೊಂಡು ಹೊರಬಂದೆ.

ಮೇಲೆ ಬಂದ ಮೇಲೆ ನೆನಪಾಯಿತು. ಅವನ ಬಟ್ಟೆ ಮೊಲ ಕಾರಿನಲ್ಲೇ ಇದೆ. ಅದರ ಕಿವಿ ಬಾಯಲ್ಲಿಲ್ಲದೆ ನಿದ್ದೆ ಮಾಡುವುದಿಲ್ಲ.

ಮೆಟ್ಟಿಲ ಹತ್ತಿರ ನಿಂತಿದ್ದ ಹಡಗಿನವನನ್ನು ಕೇಳಿದೆ.

"ಕೆಳಗೆ ಬಾಗಿಲು ಹಾಕಿದ್ದಾಗಿದೆ ಮೇಡಂ. ಇನ್ನು ಆಚೆ ದಡ ಬಂದ್ಮೇಲೇ."

"ಒಂದೇ ನಿಮಿಷ..."

"ರಾಣಿ ಬಂದ್ರೂ ಅಷ್ಟೇ ಮೇಡಂ."

ಟ್ರೆವರ್‌ಗೆ ತಮಾಷೆ. "ಅದೇನ್ ಮುಳುಗಿ ಹೋಗಲ್ಲ ಕಣೇ. ನಮಗಿಂತ ಚೆನ್ನಾಗಿ ಸೀಟಲ್ಲಿ ಕೂತಿದೆ." ಬಿಯರ್ ತೆಗೆದುಕೊಂಡು ಡೆಕ್ಕಿಗೆ ಹೋದ. ಯಾರ ಜೊತೆಯೋ ಎಂಜಿನ್ ಮಾತು. ಗಾಜಿನಾಚೆ ಅವನ ಕೈ ಆಡುವುದು ಕಾಣುತ್ತಿದೆ, ಮಾತು ಕೇಳಿಸುವುದಿಲ್ಲ.

ರಾಬಿನ್ ಅಳುತ್ತಿದ್ದಾನೆ. ಎದುರಿನ ಹೆಂಗಸು ಪತ್ರಿಕೆ ಎತ್ತಿಕೊಂಡು ಬೇರೆ ಕಡೆ ಹೋದಳು. ಕೆಳಗೆ, ನೀರಿನ ಮಟ್ಟಕ್ಕೂ ಕೆಳಗೆ, ಬೀಗ ಹಾಕಿದ ಕಾರು, ಕತ್ತಲಲ್ಲಿ ಮೊಲ. ಅದೊಂದೇ ಕೂತಿದೆ ಎಂಬುದು ತಲೆಯಿಂದ ಹೋಗುತ್ತಲೇ ಇಲ್ಲ. ಬಿ.ಎ. ಮಾಡಿದವಳು ನಾನು. ಫ್ರೆಂಚಿನಲ್ಲಿ.

ಆಗಸ್ಟ್ 3, ಬುಧವಾರ

ಬರುತ್ತೆ! ನನಗೆ ಬರುತ್ತೆ!

ಮೊದಲ ಲಾರಿ ಹಾಲಿನದು. ಟ್ರೆವರ್ ಹಿಂದೆ ಹಿಂದೆ ಹೋದ, ಸ್ವಲ್ಪ ಎಡಕ್ಕೆ ವಾಲಿದ, ಏನೂ ಕಾಣದೆ ಮತ್ತೆ ಒಳಗೆ ಬಂದ. "ಏನಾದ್ರೂ ಬರ್ತಿದೆಯಾ?"

"ಬರ್ತಿದೆ. ನೀಲಿ ಕಾರು... ಆಮೇಲೆ ಒಂದು ಸೈಕಲ್... ಈಗ ಇಲ್ಲ. ಹೋಗು."

ಹೋದ. ಅಷ್ಟೇ. ಮರುಮಾತಿಲ್ಲದೆ ಹೋದ.

ಮನೆಯಲ್ಲಿ ನಾನು ಮಗುವಿಗೆ ಮೈ ಬಿಸಿಯಿದೆ ಎಂದರೆ ಟ್ರೆವರ್, ಬೆರಿಲ್ ತಾವೇ ಮತ್ತೊಮ್ಮೆ ಮುಟ್ಟಿ ನೋಡುತ್ತಾರೆ. ಕೆಮ್ಮಿದ ಎಂದರೆ "ನಿನಗೆ ಹಾಗನ್ನಿಸುತ್ತೆ". ಇಲ್ಲಿ ನಾನು ಒಂದು ಮಾತು ಹೇಳಿದೆ; ಕಾರು, ಅದರೊಳಗಿನ ಮೂವರು, ಆ ಮಾತನ್ನೇ ನಂಬಿ ಹೊರಟುಬಿಟ್ಟೆವು.

ಟೋಲ್ ಗೇಟಿನಲ್ಲೂ ಚೀಟಿ ನನ್ನ ಕಡೆಗೇ. ಅರ್ಧ ಮೈ ಹೊರಗೆ ಹಾಕಿ ಕಿತ್ತುಕೊಂಡೆ. ಟ್ರೆವರ್ ನನ್ನ ತೊಡೆ ತಟ್ಟಿ "ಮಮ್‌ಗಿಂತ ನೀನೇ ವಾಸಿ ಕಣೇ. ಅವಳಾದ್ರೆ ಚೀಟಿಯವನ ಹತ್ರ ಹವಾಮಾನ ಮಾತಾಡ್ತಾ ನಿಲ್ತಿದ್ಳು" ಎಂದ.

ಬ್ರೆಡ್ಡು, ಪೀಚ್ ಹಣ್ಣು. ಅಂಗಡಿಯವಳು ನನ್ನ ಫ್ರೆಂಚ್ ಕೇಳಿ ನಗಲಿಲ್ಲ. ರಾತ್ರಿ ಮೂರು ತಾಸು ಸತತ ನಿದ್ದೆ ಬಂತು.

ಆಗಸ್ಟ್ 4

ಏನೂ ಬರೆಯಲಾರೆ. ರಾಬಿನ್ ಕ್ಷೇಮ. ಮೂವರೂ ಕ್ಷೇಮ.

ಆಗಸ್ಟ್ 5, ಶುಕ್ರವಾರ. ಬೆಳಗ್ಗೆ 5

ಇಬ್ಬರೂ ಟೆಂಟಿನೊಳಗೆ ಮಲಗಿದ್ದಾರೆ. ಹೊರಗೆ ಹುಲ್ಲೆಲ್ಲ ಒದ್ದೆ.

ಬರೆದುಬಿಡಬೇಕು. ನೆಟ್ಟನೆ ರಸ್ತೆ. ಎರಡೂ ಕಡೆ ಮರ. ಮುಂದೆ ಹುಲ್ಲಿನ ಲಾರಿ, ಒಣಹುಲ್ಲು ಹಾರಿ ಹಾರಿ ಗಾಜಿಗೆ ಬೀಳುತ್ತಿತ್ತು. ಟ್ರೆವರ್ "ಹೋಗ್ಲಾ?" ಎಂದ. ಹಿಂದಿನ ಸೀಟಿನಲ್ಲಿ ರಾಬಿನ್ ಕೆಮ್ಮಿದ. ನಾನು "ಹೋಗು" ಎಂದೆ.

ಹೋದ. ಬಿಳಿ ವ್ಯಾನ್ ಒಂದು — ಎಲ್ಲಿಂದ ಬಂತೋ — ನೆಲದಿಂದ ಎದ್ದ ಹಾಗೆ. ಟ್ರೆವರ್ ಬ್ರೇಕ್ ತುಳಿದು ಲಾರಿಯ ಹಿಂದಕ್ಕೆ ಎಳೆದುಕೊಂಡ. ಪಟ್ ಎಂದು ಒಂದು ಸದ್ದು. ನನ್ನ ಕಡೆಯ ಕನ್ನಡಿ ಇಲ್ಲ.

ರಸ್ತೆ ಪಕ್ಕ ನಿಲ್ಲಿಸಿದ. ಇಳಿದು ಹೊಲದ ಕಡೆ ಮುಖ ಮಾಡಿ ಸಿಗರೇಟು ಹಚ್ಚಿದ. ಆಮೇಲೆ ಬಂದು ಕಿಟಕಿಯ ಹತ್ತಿರ ಬಗ್ಗಿದ.

"ನೋಡಿದ್ಯಾ, ಲಿನ್?"

"ನೋಡ್ದೆ."

"ರಸ್ತೇನಾ, ಅವನನ್ನಾ?"

ಕಣ್ಣು ಮುಚ್ಚಿದರೆ ಖಾಲಿ ರಸ್ತೆ ಕಾಣುತ್ತದೆ, ಸ್ಪಷ್ಟವಾಗಿ, ಮರದ ನೆರಳು ಸಮೇತ. ಕೆಮ್ಮಿದಾಗ ತಿರುಗಿದ ಕತ್ತು — ಅದೂ ಅಷ್ಟೇ ಸ್ಪಷ್ಟ. ಯಾವುದು ಮೊದಲು? ನೋಡಿ ಹೇಳಿದೆನೋ, ಹೇಳಿ ತಿರುಗಿದೆನೋ... ಬೆಳಗಾಯಿತು, ತಿಳಿಯಲಿಲ್ಲ.

ರಾಬಿನ್‌ಗೆ ಏನೂ ಆಗಿಲ್ಲ. ಅವನು ನಗುತ್ತಿದ್ದ. ಆಟ ಎಂದುಕೊಂಡಿದ್ದ.

ಆಗಸ್ಟ್ 8, ಸೋಮವಾರ. ಲುವಾರ್ ನದಿ ದಂಡೆ

ಕೇಳುವುದನ್ನು ಬಿಟ್ಟಿದ್ದಾನೆ.

ಬೈದಿದ್ದರೆ ವಾಸಿಯಿತ್ತು. ಬೈಯುವುದಿಲ್ಲ. ಒಳ್ಳೆಯ ಮಾತೇ ಆಡುತ್ತಾನೆ. "ಚಹಾ ಬೇಕಾ?" "ಬಿಸಿಲು ಹೊಡೀತಿದೆಯಾ?" ಆದರೆ ಇವತ್ತು ಮಧ್ಯಾಹ್ನವೆಲ್ಲ ಒಬ್ಬ ಡಚ್ ಮುದುಕನ ಕ್ಯಾರವಾನ್ ಹಿಂದೆಯೇ ಹೋದೆವು, ಎತ್ತಿನ ಗಾಡಿಯ ಹಾಗೆ. ಎದುರು ರಸ್ತೆ ಖಾಲಿ. ಮೈಲಿಗಟ್ಟಲೆ ಖಾಲಿ. ನನಗೊಬ್ಬಳಿಗೇ ಕಾಣುತ್ತಿತ್ತು.

"ಏನೂ ಇಲ್ಲ, ಟ್ರೆವ್" ಎಂದೆ ಒಮ್ಮೆ.

"ಪರವಾಗಿಲ್ಲ ಬಿಡು. ಅವಸರ ಏನಿದೆ?"

ನಮ್ಮ ನಡುವೆ ಗೇರ್ ಕೋಲು, ಅಷ್ಟೇ ದೂರ.

ಸಂಜೆ ಪೋಸ್ಟ್ ಆಫೀಸಿನಿಂದ ಬೆರಿಲ್‌ಗೆ ಫೋನ್ ಮಾಡಿದ. ಗಾಜಿನ ಗೂಡು, ಬಾಗಿಲು ಪೂರ್ತಿ ಕೂಡಿರಲಿಲ್ಲ. ನಾನು ಹೊರಗೆ ಮಗುವಿನ ಗಾಡಿ ಹಿಡಿದು ನಿಂತಿದ್ದೆ. ನಾಣ್ಯ ಬೀಳುವ ಸದ್ದು, ನಡುನಡುವೆ ಅವನ ಮಾತು.

"ಇಲ್ಲ, ಯಾರಿಗೂ ಗಾಯ ಇಲ್ಲ... ಅವಳೇ ಮಮ್ ಹೋಗು ಅಂದಿದ್ದು... ಗೊತ್ತಿಲ್ಲ, ಎಲ್ಲಿ ನೋಡ್ತಿದ್ಳೋ... ಹೂಂ. ಹೂಂ. ಹಾಗಾದ್ರೆ ಮಗೂನ ಕರ್ಕೊಂಡು ಹೋಗು. ನಾನು ಇಪ್ಪತ್ತಕ್ಕೆ ಡ್ಯೂಟಿಗೆ ಹೊರಡ್ತೀನಿ, ಹಿಂದಿನ ದಿನ ಬಾ."

ಹೊರಗೆ ಬಂದ.

"ಏನಂದ್ರು?"

"ಏನಿಲ್ಲ. ಹವಾಮಾನ ಹೇಗಿದೆ ಅಂದ್ಳು. ಚೆನ್ನಾಗಿದೆ ಅಂದೆ."

ಹೌದು, ಚೆನ್ನಾಗಿದೆ. ಒಂದು ಮೋಡವಿಲ್ಲ.

ಆಗಸ್ಟ್ 13, ಶನಿವಾರ

ನಿನ್ನೆ ಟ್ರೆವರ್ ಒಂದು ಬೋಗುಣಿ ತುಂಬ ಸಮುದ್ರದ ಚಿಪ್ಪುಮೀನು ತಿಂದ. ರಾತ್ರಿಯಿಂದ ಪೊದೆಯ ಹಿಂದೆಯೇ ವಾಸ. ಔಷಧಿ ಅಂಗಡಿಗೆ ಹೋದೆ, ಸೊಂಟದ ಮೇಲೆ ರಾಬಿನ್.

"ರಾತ್ರಿಯಿಡೀ ಮಲಗಿಲ್ಲ, ಒಳಗೆ ಏನೂ ನಿಲ್ಲುತ್ತಿಲ್ಲ" ಎಂದೆ ನನ್ನ ಪುಸ್ತಕದ ಫ್ರೆಂಚಿನಲ್ಲಿ.

ಅಂಗಡಿಯ ಹೆಂಗಸು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದಳು. "ಕಾಣುತ್ತಮ್ಮಾ. ಎಷ್ಟು ದಿನದಿಂದ?"

"ನನಗಲ್ಲ. ಗಂಡನಿಗೆ."

"ಗಂಡನಿಗೂ ಕೊಡ್ತೀನಿ" ಎಂದಳು.

ಅಂಗಡಿಯಲ್ಲೇ ಅಳು ಬಂದುಬಿಟ್ಟಿತು. ಅವಳು ರಾಬಿನ್ ಕೈಗೆ ಒಂದು ಖಾಲಿ ಡಬ್ಬಿ ಕೊಟ್ಟು ಆಡಿಸುತ್ತ ನಿಂತಳು, ನಾನು ಮುಗಿಸುವವರೆಗೆ.

ಮಧ್ಯಾಹ್ನದೊಳಗೆ ಟೆಂಟು ಕೀಳಬೇಕಿತ್ತು. ಹಬ್ಬದ ವಾರಾಂತ್ಯ, ಜಾಗ ಬೇರೆಯವರಿಗೆ ಕೊಟ್ಟಿದ್ದಾರೆ. ಟ್ರೆವರ್ ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ. ಕಾರು ನಾನು ಓಡಿಸಿದೆ. ರಾಬಿನ್ ಹುಟ್ಟಿದ ಮೇಲೆ ಮೊದಲ ಸಲ.

ಅವನು ಎಡಗಡೆ ಸೀಟಿನಲ್ಲಿ, ತೊಡೆಯ ಮೇಲೆ ಮರಳಾಟದ ಕೆಂಪು ಬಕೆಟ್ಟು ಇಟ್ಟುಕೊಂಡು. "ನಿಧಾನ... ನಿಧಾನ ಕಣೇ, ಪ್ರತಿ ಕಲ್ಲೂ ಹೊಟ್ಟೇಲಿ ಎಣಿಸ್ತಿದೀನಿ."

ಮುಂದೆ ಟ್ರಾಕ್ಟರ್, ಹಿಂದೆ ಅದರ ಗಾಡಿ, ಮನೆಯಷ್ಟು ಎತ್ತರ. ನನಗೆ ಗಾಡಿಯ ಹಲಗೆ ಬಿಟ್ಟರೆ ಏನೂ ಕಾಣದು. ಏನೂ! ಇಷ್ಟು ಕುರುಡಾಗಿ ಓಡಿಸುತ್ತಿದ್ದನೇ ಅವನು?

"ಏನಾದ್ರೂ ಬರ್ತಿದೆಯಾ?" ಎಂದೆ.

ಬಕೆಟ್ಟು ಹಿಡಿದುಕೊಂಡೇ ಕತ್ತು ಚಾಚಿದ. "ಇಲ್ಲ. ಖಾಲಿ. ಹೋ— ಇರು! ಇರು ಇರು ಇರು!"

ಕೆಂಪು ಕಾರೊಂದು ಭರ್‌ ಎಂದು ಹೋಯಿತು. ನಾನಿನ್ನೂ ಹೊರಗೆ ಹೋಗಿರಲಿಲ್ಲ.

ಆಮೇಲೆ ಅವನು, ಬಕೆಟ್ಟಿನೊಳಕ್ಕೇ ನೋಡುತ್ತ, "ಅಲ್ಲೊಂದು ತಗ್ಗಿತ್ತು ಕಣೇ. ರಸ್ತೆ ನೆಟ್ಟಗಿದೆ ಅನ್ಸುತ್ತೆ. ಇಲ್ಲ. ಒಂದು ಇಡೀ ಕಾರು ಅಡಗಿರುತ್ತೆ" ಎಂದ.

ಅವತ್ತೂ ತಗ್ಗಿತ್ತೇ? ಇದ್ದಿರಬಹುದು. ನಾನು ರಸ್ತೆ ನೋಡಿರಲೂಬಹುದು. ಈಗಲೂ ಆಣೆಯಿಟ್ಟು ಹೇಳಲಾರೆ.

ಟ್ರಾಕ್ಟರ್ ಹಿಂದೆಯೇ ಒಂದಷ್ಟು ದೂರ ಹೋದೆ. ಮತ್ತೆ ಕೇಳಿದೆ, "ಈಗ?"

ತಿರುಗಿ ನನ್ನ ಮುಖ ನೋಡಿದ. ಮತ್ತೆ ಕೇಳುತ್ತೇನೆ ಎಂದುಕೊಂಡಿರಲಿಲ್ಲವೇನೋ. ಆದರೆ ಕೇಳದೆ ಏನು ಮಾಡಲಿ? ಅಲ್ಲಿ ಕೂತವನು ಅವನೊಬ್ಬನೇ.

ಸುಮಾರು ಹೊತ್ತು ನೋಡಿದ. ಹಣೆಯಲ್ಲಿ ಬೆವರು.

"ಹೋಗು" ಎಂದ.

ಹೋದೆ.

ಆಗಸ್ಟ್ 16, ಮಂಗಳವಾರ. ಕಾರಿನಲ್ಲಿ

ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಟ್ರೆವರ್ ಹುಷಾರಾಗಿದ್ದಾನೆ, ಸ್ಟೇರಿಂಗು ಅವನ ಕೈಗೆ ಹೋಗಿದೆ. ನನ್ನ ಕಡೆ ಹೊಸ ಕನ್ನಡಿ ಟೇಪು ಸುತ್ತಿ ಕೂರಿಸಿದ್ದಾನೆ. ಅದರಲ್ಲಿ ಆಕಾಶ ಮಾತ್ರ ಕಾಣುತ್ತದೆ.

ನಾಲ್ಕಕ್ಕೆ ಹಡಗು. ಬೆಳಗ್ಗೆ ಕಾಫಿ ಕುಡಿಯುತ್ತ, "ಹತ್ತೋಕೆ ಮುಂಚೆ ಮಮ್‌ಗೊಂದು ಫೋನ್ ಮಾಡ್ಬೇಕು" ಎಂದ. ಏನು ಹೇಳೋಕೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಬೆರಿಲ್ ಬರುವುದು ಶುಕ್ರವಾರ. ರಾಬಿನ್‌ನ ಬಟ್ಟೆ ಮಡಿಸುವಾಗಲೆಲ್ಲ ಯಾವ ಚೀಲಕ್ಕೆ ಹಾಕಲಿ ಎಂದು ಕೈ ನಿಲ್ಲುತ್ತದೆ.

ಹಿಂದಿನ ಸೀಟಿನಲ್ಲಿ ಅವನು, ಬಾಯಲ್ಲಿ ಮೊಲದ ಕಿವಿ. ಈ ಸಲ ಹಡಗಿನಲ್ಲಿ ಮರೆಯುವುದಿಲ್ಲ, ಈಗಲೇ ಅಂಗಿಗೆ ಪಿನ್ ಹಾಕಿದ್ದೇನೆ.

ಮುಂದೆ ಮತ್ತೆ ಹುಲ್ಲಿನ ಲಾರಿ. ಸುಮಾರು ಹೊತ್ತಿನಿಂದ ಅದರ ಹಿಂದೆಯೇ ಇದ್ದೇವೆ. ಗಾಜಿನ ಮೇಲೆ ಒಣಹುಲ್ಲು. ಟ್ರೆವರ್ ಗಡಿಯಾರ ನೋಡುತ್ತಾನೆ, ಲಾರಿ ನೋಡುತ್ತಾನೆ. ಎಡಕ್ಕೆ ಸ್ವಲ್ಪ ವಾಲುತ್ತಾನೆ, ಒಳಗೆ ಬರುತ್ತಾನೆ. ಕೇಳುವುದಿಲ್ಲವಲ್ಲ, ಅದಕ್ಕೇ ನನ್ನ ಕೈ ಖಾಲಿ, ಬರೆಯುತ್ತ ಕೂತಿದ್ದೇನೆ. ಹಡಗು ತಪ್ಪಿದರೂ ಕೇಳಲಾರ

ಏನೋ ಅಂದ.

"ಲಿನ್. ಏನಾದ್ರೂ ಬರ್ತಿದೆಯಾ?"

ತಡಿ ಅಂದೆ. ಮುಂದೆ ತಗ್ಗಿದೆ. ಪೆನ್ನು ಇಡುತ್ತೇನೆ, ನೋಡಬೇಕು.